ಒಂಬತ್ತನೇ ದೀಪ

ಪ್ರತಿ ಸೋಮವಾರ ಬೆಳಗ್ಗೆ ಏಳೂವರೆಗೆ ಒರಾತಿಲೆ ತನ್ನ ಹಾಳೆಗಳನ್ನು ಹಿಡಿದು ಹೊರಡುತ್ತಿದ್ದಳು. ಮಾವುನ್ ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡು ಸಣ್ಣ ವಿಮಾನಗಳ ಕಂಪನಿಗಳ ಆಫೀಸುಗಳಿದ್ದವು, ಒಟ್ಟು ಆರು. ಮೊದಲ ಬಾಗಿಲಿನಿಂದ ಕೊನೆಯದಕ್ಕೆ ನಡೆಯಲು ಹತ್ತು ನಿಮಿಷ ಸಾಕಿತ್ತು, ಆದರೆ ಅವಳಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಪ್ರತಿ ಬಾಗಿಲಲ್ಲೂ ನಿಂತು ನಮಸ್ಕಾರ ಹೇಳಬೇಕು, ನಿದ್ದೆ ಚೆನ್ನಾಗಿ ಬಂತೇ ಎಂದು ಕೇಳಬೇಕು, ಅವರು ಕೇಳಿದ್ದಕ್ಕೆ ಉತ್ತರಿಸಬೇಕು, ಬಾರದ ಮಳೆಯನ್ನು ಒಟ್ಟಿಗೆ ಬೈಯಬೇಕು. ಆಮೇಲಷ್ಟೇ ಕೆಲಸದ ಮಾತು. ಯುರೋಪಿನಿಂದ ಬಂದ ಹುಡುಗರು ಒಳಗೆ ಕಾಲಿಡುತ್ತಲೇ ಕೆಲಸ ಇದೆಯೇ ಎಂದು ಕೇಳಿಬಿಡುತ್ತಿದ್ದರು. ಅವರ ಸುತ್ತು ಬೇಗ ಮುಗಿಯುತ್ತಿತ್ತು. ಸಿಗುತ್ತಿದ್ದ ಉತ್ತರ ಮಾತ್ರ ಇವಳಿಗೂ ಅವರಿಗೂ ಒಂದೇ.

ಹಾಳೆಯ ಮೇಲೆ ಅವಳ ಹೆಸರು, ಪರವಾನಗಿಯ ಸಂಖ್ಯೆ, ಈವರೆಗೆ ಹಾರಿದ ಗಂಟೆಗಳು ಇದ್ದವು. ಇನ್ನೂರ ಇಪ್ಪತ್ತಮೂರು. ಕಂಪನಿಗಳು ಕೇಳುತ್ತಿದ್ದುದು ಐನೂರು. ಕೆಲಸವಿಲ್ಲದೆ ಹಾರುವಂತಿಲ್ಲ, ಹಾರದೆ ಗಂಟೆ ಏರುವಂತಿಲ್ಲ. ರಾಜಧಾನಿ ಗ್ಯಾಬರೋನ್‌ನಲ್ಲಿ ಭೌತಶಾಸ್ತ್ರ ಓದಿ ಆಮೇಲೆ ಹಾರಲು ಕಲಿತ ಅವಳಿಗೆ ಇದು ಎರಡು ಗೊತ್ತಿಲ್ಲದ ಸಂಖ್ಯೆಗಳಿರುವ ಒಂಟಿ ಸಮೀಕರಣದಂತೆ ಕಾಣುತ್ತಿತ್ತು. ಹೊರಗಿನವರು ಯಾರಾದರೂ ಒಂದಕ್ಕೆ ಬೆಲೆ ಕೊಡುವವರೆಗೆ ಅದು ಬಿಡಿಸಲು ಬಾರದು.

"ಇವತ್ತೂ ಇನ್ನೂರ ಇಪ್ಪತ್ಮೂರೇನಾ, ಮ್ಮಾ?" ಎಂದು ನಾಲ್ಕನೇ ಬಾಗಿಲಿನ ಪೆಲೊನೊಮಿ ಕೇಳುತ್ತಿದ್ದಳು. ಆಫೀಸಿನ ಫೋನು, ರೇಡಿಯೋ, ಚಹಾದ ಕೆಟಲು ಮೂರೂ ಅವಳ ವಶದಲ್ಲಿದ್ದವು.

"ಅಷ್ಟೇ."

"ನನ್ನ ತಮ್ಮನ ಕೋಳಿಗಳಾದ್ರೂ ಇಷ್ಟೊತ್ತಿಗೆ ಹಾರ್ತಿದ್ವು ಕಣೇ. ಕೊಡು, ಇಡ್ತೀನಿ."

ಹೀಗೆ ನಾಲ್ಕು ತಿಂಗಳು ಕಳೆದಿದ್ದವು. ಕೆಲಸಕ್ಕಾಗಿ ಕಾಯುವ ವಿದೇಶಿ ಹುಡುಗರು ಹೊಳೆಯ ಪಕ್ಕದ ಒಂದೇ ಮನೆಯಲ್ಲಿ ಏಳೆಂಟು ಜನ ಇರುತ್ತಿದ್ದರು. ಒರಾತಿಲೆ ಒಮ್ಮೆ ಹೋಗಿದ್ದಳು. ಅವರು ಒಳ್ಳೆಯವರೇ. ಆದರೆ ಅವರ ನಗೆಮಾತುಗಳೆಲ್ಲ ಅವಳು ನೋಡದ ಊರುಗಳವು, ಅವಳು ನಗುವ ಹೊತ್ತಿಗೆ ಮಾತು ಮುಂದಕ್ಕೆ ಹೋಗಿರುತ್ತಿತ್ತು. ಊರಿನ ಬೊಸೇಜಾ ಬಡಾವಣೆಯಲ್ಲಿ ಅವಳು ಬಾಡಿಗೆಗೆ ಹಿಡಿದ ಕೋಣೆಯ ಅಕ್ಕಪಕ್ಕದವರಾದರೂ ಅವಳದೇ ಮಾತು ಆಡುವವರು, ಆದರೆ ಅವರ ಪಾಲಿಗೆ ಅವಳು ವಿಮಾನದವಳು. "ನೀನು ಅದನ್ನ ತೊಳೀತೀಯೋ, ಟಿಕೆಟ್ ಹರೀತೀಯೋ?" ಎಂದು ಅಂಗಡಿಯಾಕೆ ಕೇಳಿದ್ದಳು. ಓಡಿಸುತ್ತೇನೆ ಎಂದಾಗ ಆಕೆ ಬಾಯಿ ಮುಚ್ಚಿ ನಕ್ಕು, ಚಿಲ್ಲರೆಯನ್ನು ಎರಡೂ ಕೈಗಳಿಂದ ಕೊಟ್ಟಿದ್ದಳು. ಸಂಜೆ ಐದರಿಂದ ಆರರವರೆಗೆ ವಿಮಾನಗಳು ಒಂದೊಂದಾಗಿ ಮರಳುತ್ತಿದ್ದವು. ಒರಾತಿಲೆ ಹೊಸಿಲ ಮೇಲೆ ಕುಳಿತು ಸದ್ದಿನಿಂದಲೇ ಎಣಿಸುತ್ತಿದ್ದಳು. ಇಡೀ ದಿನದಲ್ಲಿ ಅವಳು ಬಾಯಿ ತೆರೆದದ್ದು ಎಷ್ಟೋ ಸಲ ಆ ಎಣಿಕೆಗೆ ಮಾತ್ರ.

ಅಕ್ಟೋಬರಿನ ಕೊನೆಯ ವಾರ ಪೆಲೊನೊಮಿಯ ಕಂಪನಿಯಲ್ಲಿ ಒಂದು ಸೀಟು ಖಾಲಿಯಾಯಿತು. ಈ ಸಲ ಐನೂರು ಗಂಟೆಯ ಷರತ್ತು ಬಿಟ್ಟು ಇಬ್ಬರನ್ನು ಪರೀಕ್ಷೆಗೆ ಕರೆದರು: ಒರಾತಿಲೆ ಮತ್ತು ಆಸ್ಟ್ರಿಯಾದ ಫ್ಲೋರಿಯನ್. ಒಬ್ಬೊಬ್ಬರಿಗೂ ಮೂರು ಹಾರಾಟ, ಮುಖ್ಯ ಪೈಲಟ್ ಕೆಬೊನಾಂಗ್ ಬಲಗಡೆ ಸೀಟಿನಲ್ಲಿ. ಮಳೆ ಹಿಡಿದರೆ ಪ್ರವಾಸಿಗರು ಬರುವುದು ನಿಲ್ಲುತ್ತದೆ, ಮಾರ್ಚಿನವರೆಗೆ ಯಾರೂ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಅತ್ತ ಲೊಬಾತ್ಸೆಯಿಂದ ಅವಳ ಸೋದರಮಾವ ಭಾನುವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. "ಶಾಲೇಲಿ ವಿಜ್ಞಾನದ ಟೀಚರ್ ಕೆಲಸ ಹಿಡಿದಿಟ್ಟಿದೀನಿ. ತಿಂಗಳ ಕೊನೆಯೊಳಗೆ ಹೂಂ ಅನ್ಬೇಕು. ಆಕಾಶ ಎಲ್ಲಿಗೂ ಓಡಿ ಹೋಗಲ್ಲ, ಹೆಡ್ಮಾಸ್ಟರ್ ಹೋಗ್ತಾನೆ." ಅವಳು ಶುಕ್ರವಾರದವರೆಗೆ ಸಮಯ ಕೇಳಿದಳು.

ಮೊದಲೆರಡು ಹಾರಾಟ ಸರಿಯಾದವು. ಕೆಬೊನಾಂಗ್ ಹೆಚ್ಚು ಮಾತಾಡುವವನಲ್ಲ. ಒಮ್ಮೆ "ಹೂಂ" ಎಂದ, ಒಮ್ಮೆ "ಕೈ ಹಗುರ ಮಾಡು" ಎಂದ. ಮೂರನೆಯದು ಬುಧವಾರ ಮಧ್ಯಾಹ್ನ, ಪ್ರಯಾಣಿಕರ ಸಮೇತ, ನದಿ ಕವಲಾಗಿ ಹರಡಿದ ಡೆಲ್ಟಾದ ಉತ್ತರದಂಚಿನ ಹಳ್ಳಿ ಸೆರೊಂಗಾಕ್ಕೆ. ಆ ಕಡೆಯ ಒಂದು ಲಾಡ್ಜಿಗೆ ತರಕಾರಿ ಹೋಗಬೇಕಿತ್ತು. ಉಳಿದ ಸೀಟುಗಳಲ್ಲಿ ಒಬ್ಬ ಮುದುಕಿ, ಆಕೆಯ ಇಬ್ಬರು ಹೆಣ್ಣುಮಕ್ಕಳು. ಸೆರೊಂಗಾದಲ್ಲಿ ಮೊಮ್ಮಗಳ ಬಾಣಂತನದ ಕೋಣೆಯ ಬಾಗಿಲು ತೆರೆದು ಕೂಸನ್ನು ಮೊದಲ ಸಲ ಎಲ್ಲರಿಗೂ ತೋರಿಸುವ ದಿನ ಹತ್ತಿರ ಬಂದಿತ್ತು, ಮುದುಕಿ ಮರಿಮಗುವಿನ ಮುಖ ನೋಡಲು ಹೊರಟಿದ್ದಳು. ಎಲ್ಲರೂ ಆಕೆಯನ್ನು ನ್ಕುಕು, ಅಜ್ಜಿ, ಎಂದೇ ಕರೆಯುತ್ತಿದ್ದರು. ತೋಳು ಒನಕೆಯಷ್ಟು ದಪ್ಪ, ಹೆಗಲ ಮೇಲೆ ಮಡಿಸಿದ ಹೊಸ ಕಂಬಳಿ, ರಾಣಿಯ ನಡಿಗೆ.

ಸಣ್ಣ ವಿಮಾನಕ್ಕೆ ಏರುವವರೆಲ್ಲ ಮೊದಲು ತೂಕದ ಯಂತ್ರ ಹತ್ತಬೇಕು. ಆ ಯಂತ್ರ ಶೆಡ್ಡಿನ ಬಾಗಿಲಲ್ಲೇ ಇತ್ತು. ಸಾಮಾನು ತೂಗುವ ಕಬ್ಬಿಣದ ಹಲಗೆ, ಹತ್ತು ಮಾರು ದೂರದಿಂದಲೂ ಓದಬಹುದಾದ ಮುಳ್ಳು. ನೆರಳಿನಲ್ಲಿ ಮೆಕ್ಯಾನಿಕ್‌ಗಳು, ಡ್ರೈವರುಗಳು, ಬೇರೆ ವಿಮಾನಕ್ಕೆ ಕಾದ ಜನ, ಎಲ್ಲರ ಕಣ್ಣೂ ಅದರ ಮೇಲೆ. ಹೆಣ್ಣುಮಕ್ಕಳಿಬ್ಬರು ಹತ್ತಿ ಇಳಿದರು. ನ್ಕುಕು ತನ್ನ ಸರದಿಗೆ ನಿಂತಳು. ಒರಾತಿಲೆ ಆಕೆಯ ಮುಖ ನೋಡಿದಳು. ಹಿರಿಯರೆದುರು ದನಿ ಎತ್ತದೆ, ಅವರು ಕೂರುವ ಮೊದಲು ಕೂರದೆ ಬೆಳೆದವಳು ಅವಳು. ಇಷ್ಟು ಜನರ ಮುಂದೆ ಈಕೆಯನ್ನು ಹಿಟ್ಟಿನ ಮೂಟೆಯ ಹಾಗೆ ಹತ್ತಿಸಿ ಸಂಖ್ಯೆ ಓದುವುದೇ?

"ನೀವು ಆ ಕುರ್ಚೀಲಿ ಕೂತ್ಕೊಳಿ, ನ್ಕುಕು. ನಿಮ್ಮದು ಆಯ್ತು" ಎಂದಳು. ಹಾಳೆಯಲ್ಲಿ ಎಪ್ಪತ್ತು ಎಂದು ಬರೆದಳು.

ಜನ, ಸಾಮಾನು, ಪೆಟ್ರೋಲು ಸೇರಿ ವಿಮಾನದ ಒಟ್ಟು ತೂಕ ಮಿತಿಗಿಂತ ಮೂರು ಕಿಲೋ ಕಡಿಮೆ ಬಂತು. ಕೆಬೊನಾಂಗ್ ಮೊತ್ತ ನೋಡಿ ಸಹಿ ಹಾಕಿದ.

ಬಿಸಿಲು ಮೂವತ್ತೊಂಬತ್ತು ಡಿಗ್ರಿ, ಗಾಳಿಯ ಸುಳಿವಿಲ್ಲ. ರನ್‌ವೇ ಅಂಚಿನ ದೀಪಗಳು ಅರವತ್ತು ಮೀಟರಿಗೊಂದು. ಹಾಳೆಯ ತೂಕಕ್ಕೆ, ಈ ಶಾಖಕ್ಕೆ, ಎಂಟನೇ ದೀಪದ ಹತ್ತಿರ ಚಕ್ರ ನೆಲ ಬಿಡಬೇಕೆಂದು ಅವಳು ಮೊದಲೇ ಲೆಕ್ಕ ಹಾಕಿದ್ದಳು. ಯಾರೂ ಹೇಳದಿದ್ದರೂ ಪ್ರತಿ ಸಲ ಹೀಗೆ ಲೆಕ್ಕ ಹಾಕಿ ನೋಡುವುದು ಅವಳ ಅಭ್ಯಾಸ. ಎಂಟು ಹಿಂದೆ ಸರಿಯಿತು. ವಿಮಾನ ಇನ್ನೂ ನೆಲವನ್ನು ಹಿಡಿದೇ ಇತ್ತು. ಒಂಬತ್ತು ದಾಟಿದ ಮೇಲೆ, ನಿಧಾನವಾಗಿ, ಮನಸ್ಸಿಲ್ಲದ ಹಾಗೆ ಎದ್ದಿತು. ಮುಂದೆ ಇನ್ನೂ ಎರಡೂವರೆ ಕಿಲೋಮೀಟರ್ ರನ್‌ವೇ ಬಿದ್ದಿತ್ತು. ಅಪಾಯವೇನೂ ಇರಲಿಲ್ಲ. ಕೆಬೊನಾಂಗ್ ಕಿಟಕಿಯಾಚೆ ನೋಡುತ್ತಿದ್ದ.

ಅರ್ಧ ದಾರಿಯಲ್ಲಿ ಧೂಳು ಎದುರಾಯಿತು. ನೆಲದಿಂದ ಎದ್ದ ಕಂದು ಗೋಡೆ ಇಡೀ ಉತ್ತರ ದಿಕ್ಕನ್ನು ಮುಚ್ಚಿತ್ತು. ಕೆಬೊನಾಂಗ್ ಬೆರಳಿನಿಂದ ಹಿಂದಕ್ಕೆ ಎಂದು ಸನ್ನೆ ಮಾಡಿದ. ನಲವತ್ತು ನಿಮಿಷದಲ್ಲಿ ಅವರು ಹೊರಟಲ್ಲಿಗೇ ಬಂದು ಇಳಿದರು. ಹೆಂಗಸರನ್ನು ಪೆಲೊನೊಮಿ ನೆರಳಿಗೆ ಕರೆದುಕೊಂಡು ಹೋದಳು. ಕೆಬೊನಾಂಗ್ ವಿಮಾನದ ರೆಕ್ಕೆಗೆ ಒರಗಿ ಪರೀಕ್ಷೆಯ ಕಾಗದ ತುಂಬಲು ಶುರು ಮಾಡಿದ. ಅವನ ಪೆನ್ನು ಒಂದೊಂದೇ ಸಾಲಿನಲ್ಲಿ ಸರಿ ಗುರುತು ಹಾಕುತ್ತಾ ಕೆಳಗಿಳಿಯುತ್ತಿತ್ತು. ಇನ್ನು ನಾಲ್ಕು ಸಾಲು.

"ರ್ರಾ" ಎಂದು ಹಿರಿಯರನ್ನು ಕರೆಯುವ ಹಾಗೆ ಕರೆದಳು ಒರಾತಿಲೆ. "ತೂಕದ ಹಾಳೇಲಿ ಒಂದು ಸಂಖ್ಯೆ ಸುಳ್ಳು."

ಪೆನ್ನು ನಿಂತಿತು. "ಯಾವ್ದು?"

"ನ್ಕುಕು ಅವರದ್ದು. ನಾನು ತೂಗಲಿಲ್ಲ. ಎಪ್ಪತ್ತು ಅಂತ ಬರೆದೆ."

"ಎಪ್ಪತ್ತು!" ಅವನು ನೆರಳಿನ ಕಡೆ ತಿರುಗಿ ನೋಡಿದ. "ಎಡಗಾಲು ಒಂದೇ ಎಪ್ಪತ್ತು ಇದೆ. ಯಾಕೆ ತೂಗಲಿಲ್ಲ?"

"ಅಷ್ಟು ಜನರ ಮುಂದೆ ಹತ್ತಿ ಅನ್ನೋಕೆ ಬಾಯಿ ಬರ್ಲಿಲ್ಲ."

"ಈಗ ಬಂತಾ ಬಾಯಿ?"

"ಎಂಟನೇ ದೀಪಕ್ಕೆ ಏಳಬೇಕಿತ್ತು. ಒಂಬತ್ತು ದಾಟಿ ಎದ್ದಿತು."

ಅವನು ಪೆನ್ನಿನ ಮುಚ್ಚಳ ಹಾಕಿದ. "ನಂಗೆ ಗೊತ್ತಾಗಿರ್ಲಿಲ್ಲ" ಎಂದ. "ಇಷ್ಟುದ್ದ ರನ್‌ವೇಲಿ ಯಾರಿಗೂ ಗೊತ್ತಾಗಲ್ಲ. ಡೆಲ್ಟಾ ಒಳಗೆ ವಿಮಾನ ಇಳಿಯೋ ಕೆಲವು ಮಣ್ಣಿನ ಪಟ್ಟಿ ಬರೀ ಏಳುನೂರು ಮೀಟರು. ಅಲ್ಲಿ ಎಣಿಸೋಕೆ ದೀಪ ಇಲ್ಲ, ಕೊನೇಲಿ ಮರ ಇದೆ. ಮಾನ ಮರ್ಯಾದೆ ಕಾಪಾಡಿ ಅಜ್ಜೀನ ಆ ಮರಕ್ಕೆ ಹೊಡೀತೀಯಾ?" ಕಾಗದವನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡ. "ನಾಳೆ ಆರೂವರೆಗೆ. ಇದೇ ಜನ, ಇದೇ ಸಾಮಾನು. ಎಲ್ಲರನ್ನೂ ತೂಗಿದ ಹಾಳೆ ನನ್ನ ಕೈಗೆ ಬರ್ಬೇಕು. ಬರದಿದ್ರೆ ಸೀಟು ಫ್ಲೋರಿಯನ್‌ಗೆ. ಅವನು ಅವನ ಅಜ್ಜೀನ ಎರಡು ಸಲ ತೂಗ್ತಾನೆ."

ಆ ಸಂಜೆ ಅವಳು ವಿಮಾನಗಳನ್ನು ಎಣಿಸಲಿಲ್ಲ. ಗಂಜಿಗೆ ನೀರಿಟ್ಟು ಮರೆತು, ಪಾತ್ರೆ ಸೀದ ಮೇಲೆ ಎದ್ದಳು. ಹೇಳದೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೆಲಸ ಅವಳದಾಗಿರುತ್ತಿತ್ತು. ಈ ಯೋಚನೆ ಎಷ್ಟು ಸಲ ಬಂತೋ ಅಷ್ಟೂ ಸಲ ಅವಳು ಅದನ್ನು ಪೂರ್ತಿ ನೋಡಿ, ಪಕ್ಕಕ್ಕಿಟ್ಟಳು. ಅಜ್ಜಿಯ ಮಾನ ಕಳೆಯದೆ ತೂಗುವುದು ಹೇಗೆಂದು ಯಾರನ್ನಾದರೂ ಕೇಳಬೇಕೆನಿಸಿತು. ಮಾವನನ್ನು ಕೇಳಿದರೆ ಶಾಲೆಯ ಮಾತು ಬರುತ್ತದೆ. ಫ್ಲೋರಿಯನ್‌ಗೆ ಪ್ರಶ್ನೆಯೇ ಅರ್ಥವಾಗದು. ಫೋನಿನಲ್ಲಿದ್ದ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿ ಕೆಳಗಿಟ್ಟಳು. ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು: ಆಸರೆ ಕೊಡುವವಳಂತೆ ತಾನೂ ಮುದುಕಿಯ ಜೊತೆ ಹಲಗೆ ಹತ್ತುವುದು, ಬಂದ ಮೊತ್ತದಿಂದ ತನ್ನ ಐವತ್ತನಾಲ್ಕನ್ನು ಕಳೆಯುವುದು. ನೋಡುವವರಿಗೆ ಯಾರ ತೂಕವೂ ತಿಳಿಯದು.

ಬೆಳಗ್ಗೆ ಧೂಳು ಅಡಗಿತ್ತು. ಶೆಡ್ಡಿನ ಮುಂದೆ ನಿನ್ನೆಯಷ್ಟೇ ಜನ. ಕೆಬೊನಾಂಗ್ ದೂರದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದ.

"ನ್ಕುಕು, ಇಲ್ಲಿ ಮೆಟ್ಟಿಲು ಎತ್ತರ. ನನ್ನ ತೋಳು ಹಿಡ್ಕೊಳಿ" ಎಂದಳು ಒರಾತಿಲೆ.

ಮುದುಕಿ ಅವಳ ತೋಳನ್ನು ಬಿಗಿಯಾಗಿ ಹಿಡಿದಳು. ಆ ಬೆಚ್ಚಗಿನ, ಒರಟಾದ ಹಿಡಿತಕ್ಕೆ ಒರಾತಿಲೆ ಒಂದು ಗಳಿಗೆ ಲೆಕ್ಕ ಮರೆತಳು. ಈ ಊರಿಗೆ ಬಂದ ಮೇಲೆ ಅವಳನ್ನು ಯಾರೂ ಹೀಗೆ ಮುಟ್ಟಿರಲಿಲ್ಲ. ಇಬ್ಬರೂ ಹಲಗೆಯ ಮೇಲೆ ನಿಂತರು. ಮುಳ್ಳು ಓಲಾಡಿತು.

ನ್ಕುಕು ಕೆಳಗೆ ನೋಡಿದಳು, ಮುಳ್ಳು ನೋಡಿದಳು, ಅವಳ ಮುಖ ನೋಡಿದಳು. "ಏನೇ ಮಗಳೇ, ನನ್ನ ತೂಗ್ತಿದೀಯಾ?"

ನೆರಳಿನಲ್ಲಿದ್ದವರು ತಿರುಗಿ ನೋಡಿದರು.

"ಹೌದು, ನ್ಕುಕು. ತಪ್ಪಾಯ್ತು."

"ತೂಗೋದು ನನ್ನ, ಹತ್ತೋದು ನೀನಾ? ನಿನ್ನ ಮೂಳೆಗಳನ್ನೂ ನನ್ನ ಲೆಕ್ಕಕ್ಕೆ ಸೇರಿಸ್ತೀಯಾ? ಇಳಿ, ಇಳಿ!" ಮುದುಕಿ ತೋಳು ಬಿಟ್ಟು ಅವಳನ್ನು ಮೆಲ್ಲಗೆ ಕೆಳಗೆ ದೂಡಿದಳು. "ಕ್ಲಿನಿಕ್ಕಿನ ನರ್ಸಮ್ಮ ತಿಂಗಳು ತಿಂಗಳೂ ತೂಗ್ತಾಳೆ, ಬಿ.ಪಿ. ಇದೆಯಲ್ಲ. ಹೋದ ತಿಂಗಳು ನೂರಾ ಹದಿನಾಲ್ಕು. ನಿನ್ನೆಯೇ ಕೇಳಿದ್ರೆ ಕಾರ್ಡು ತೋರಿಸ್ತಿದ್ದೆ. ಈಗ ಎಷ್ಟು? ಜೋರಾಗಿ ಹೇಳು."

"ನೂರಾ ಹದಿಮೂರು."

"ಕೇಳಿಸ್ತೇನ್ರೇ?" ಎಂದು ನ್ಕುಕು ಹೆಣ್ಣುಮಕ್ಕಳ ಕಡೆ ತಿರುಗಿದಳು. "ಒಂದು ಕಿಲೋ ಇಳಿದಿದೀನಿ! ಸಕ್ಕರೆ ಬಿಟ್ಟಿಲ್ಲ ಅಂತ ಬೈತಿದ್ರಲ್ಲ!"

ಡ್ರೈವರೊಬ್ಬ ಚಪ್ಪಾಳೆ ತಟ್ಟಿದ. ಎಲ್ಲರೂ ನಕ್ಕರು, ಮುದುಕಿಯೂ. ಒರಾತಿಲೆಯ ಕಿವಿ ಬಿಸಿಯಾಯಿತು. ನಿನ್ನೆ ಅವಳು ಅಷ್ಟು ಜತನವಾಗಿ ಮುಚ್ಚಿಟ್ಟ ನಾಚಿಕೆ ಈ ಹೆಂಗಸಿನದಾಗಿರಲೇ ಇಲ್ಲ. ಕೇಳಿದ್ದರೆ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ನಾಲ್ಕು ತಿಂಗಳಿಂದ ಅವಳು ಯಾರನ್ನೂ ಏನನ್ನೂ ಕೇಳಿರಲಿಲ್ಲ, ಕೆಲಸವೊಂದನ್ನು ಬಿಟ್ಟು.

ಮಿತಿಗೆ ನಲವತ್ತು ಕಿಲೋ ಹೆಚ್ಚಾಯಿತು. ಅವಳು ಆಲೂಗಡ್ಡೆ ಮೂಟೆಯನ್ನೂ ಈರುಳ್ಳಿಯ ಚೀಲವನ್ನೂ ಇಳಿಸಿ, ಹೊಸ ಹಾಳೆ ಬರೆದು ಕೆಬೊನಾಂಗ್‌ಗೆ ಕೊಟ್ಟಳು.

"ಲಾಡ್ಜಿನವರು ಕೂಗಾಡ್ತಾರೆ" ಎಂದ ಅವನು.

"ಹೌದು, ರ್ರಾ."

"ಕೂಗಾಡ್ಲಿ." ಸಹಿ ಹಾಕಿದ.

ಸೆರೊಂಗಾದ ಪಟ್ಟಿಯ ಮೇಲೆ ಕತ್ತೆಗಳು ನಿಂತಿದ್ದವು. ಒರಾತಿಲೆ ಒಮ್ಮೆ ತಗ್ಗಿನಲ್ಲಿ ಹಾದು ಅವುಗಳನ್ನು ಓಡಿಸಿ, ತಿರುಗಿ ಬಂದು ಇಳಿದಳು. ಮೊಮ್ಮಗಳ ಕಡೆಯವರು ಪಿಕಪ್ ತಂದಿದ್ದರು. ಕೂಗು, ನಗು, ಕಂಬಳಿ ಮೊದಲು ಇಳಿಸುವ ಗಲಾಟೆ. ನ್ಕುಕು ತಿರುಗಿಯೂ ನೋಡಲಿಲ್ಲ. ಆಕೆಯ ಮನಸ್ಸು ಆಗಲೇ ಆ ಕೋಣೆಯ ಬಾಗಿಲಲ್ಲಿತ್ತು.

ಕೆಬೊನಾಂಗ್ ತನ್ನ ಚೀಲವನ್ನು ಹೊರಗೆ ತೆಗೆದ. "ನಾನು ಲಾಡ್ಜಿನವರ ಹತ್ರ ಮಾತಾಡಿ ಮಧ್ಯಾಹ್ನದ ವಿಮಾನದಲ್ಲಿ ಬರ್ತೀನಿ. ನೀನು ಇದನ್ನ ಮನೆಗೆ ತಗೊಂಡು ಹೋಗು."

"ನಾನೊಬ್ಬಳೇ?"

"ಇನ್ಯಾರು, ಕತ್ತೇನ ಕೂರಿಸ್ಕೊಳ್ತೀಯಾ? ಪರೀಕ್ಷೆ ಮುಗೀತು. ನಾಳೆ ಎರಡು ಸುತ್ತು ಇದೆ, ಆರಕ್ಕೆ ಬಾ. ತೂಕದ ಹಾಳೆ ಬರೆದೇ ಹೊರಡು."

ಅವನು ಪಿಕಪ್ಪಿನ ಹಿಂದೆ ಹತ್ತಿಕೊಂಡ. ಧೂಳು ಎದ್ದು, ಕುಳಿತಿತು. ಎಲ್ಲೋ ಒಂದು ಹಕ್ಕಿ ಒಂದೇ ಸ್ವರವನ್ನು ಎಳೆಯುತ್ತಿತ್ತು. ಕೆಲಸ ಸಿಕ್ಕಿದೆ ಎಂಬ ಮಾತನ್ನು ಅವಳು ಒಮ್ಮೆ ಮೆಲ್ಲಗೆ ಹೇಳಿ ನೋಡಿದಳು. ಕತ್ತೆಗಳು ಕಿವಿ ಆಡಿಸಿದವು.

ಖಾಲಿ ಸೀಟುಗಳ ಬೆಲ್ಟುಗಳು ಹಾರಾಟದಲ್ಲಿ ಬಡಿದಾಡಬಾರದೆಂದು ಐದನ್ನೂ ಒಂದೊಂದಾಗಿ ಬಿಗಿದಳು. ಹಾಳೆಯಲ್ಲಿ ತನ್ನ ಹೆಸರಿನ ಎದುರು ಐವತ್ತನಾಲ್ಕು, ಕೆಳಗಿನ ಐದು ಸಾಲುಗಳಲ್ಲಿ ಸೊನ್ನೆ. ಆಮೇಲೆ ಹೊರಟಳು. ಹಗುರವಾದ ವಿಮಾನ ಅವಳು ಎಣಿಸಿದ್ದಕ್ಕಿಂತ ಬೇಗ ನೆಲ ಬಿಟ್ಟಿತು. ಕೆಳಗೆ ನೀರಿನ ಕಾಲುವೆಗಳು ಹಸಿರಿನೊಳಗೆ ಸೇರುತ್ತಾ ಕವಲೊಡೆಯುತ್ತಾ ಹೋದವು.

ಆಫೀಸಿಗೆ ರೇಡಿಯೋ ಮಾಡಿ ಹೊರಟ ವೇಳೆ, ತಲುಪುವ ವೇಳೆ ಹೇಳಿದಳು.

"ವಿಮಾನದಲ್ಲಿ ಎಷ್ಟು ಜನ?" ಪೆಲೊನೊಮಿಯ ದನಿ ಚರಪರ ಸದ್ದಿನ ನಡುವೆ ಬಂತು.

"ಒಬ್ಬರು."

"ಕೆಬೊನಾಂಗ್‌ನ ಎಲ್ಲಿ ಬೀಳಿಸಿದೆಯೇ?" ಎಂದು ನಕ್ಕ ಪೆಲೊನೊಮಿ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಬೇರೊಂದು ವಿಮಾನ ಮಾತಿಗೆ ಅಡ್ಡ ಬಂತು, ಅದರ ಹಿಂದೆ ಇನ್ನೊಂದು. ಒರಾತಿಲೆ ಗುಂಡಿಯ ಮೇಲೆ ಬೆರಳಿಟ್ಟು ತನ್ನ ಸರದಿಗೆ ಕಾದಳು. ಮಾತುಗಳು ಮುಗಿದು ರೇಡಿಯೋ ಸುಮ್ಮನಾಯಿತು. ಹೇಳಬೇಕಾದ ವಿವರವೇನೂ ಉಳಿದಿರಲಿಲ್ಲ. ಆದರೂ ಅವಳು ಗುಂಡಿ ಒತ್ತಿದಳು.

"ಪೆಲೊನೊಮಿ" ಎಂದಳು. "ಚಹಾ ಇಟ್ಟಿರು. ನಾನು ಬರ್ತಿದೀನಿ."