ಬೆನ್ನೆತ್ತಿದಾಗ ಬರುವ ಮಾತು

ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಆ ಲೇಖನ ತನ್ನದೇ ಎಂಬುದರಲ್ಲಿ ಯಶೋಧರಾಗೆ ಅನುಮಾನ ಉಳಿಯಲಿಲ್ಲ. ಮಸ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಗೆಳತಿ ಶಂಶಾದ್‌ಬೀ ಬೆಳಿಗ್ಗೆ ಅದನ್ನು ಸಂಶೋಧನಾ ಪತ್ರಿಕೆಯೊಂದರಿಂದ ತೆಗೆದು ಮೊಬೈಲಿಗೆ ಕಳಿಸಿದ್ದಳು. ಕೆಳಗೆ ಒಂದೇ ಸಾಲು ಇತ್ತು: ‘ಮಾತು ನಿನ್ನವು ಅದಾವ, ಹೆಸರು ಬ್ಯಾರೆಯವರದು ಐತಿ.’ ಹೆಸರು ಡಾ. ವಿರೇಶ ಅವರದು. ಅವರು ಯಶೋಧರಾಳ ಪಿಎಚ್.ಡಿ. ಗೈಡ್.

ಯಶೋಧರಾ ಸಿಂಧನೂರಿನ ಕಾಲೇಜೊಂದರಲ್ಲಿ ಆರು ವರ್ಷದಿಂದ ಅತಿಥಿ ಉಪನ್ಯಾಸಕಿ. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಕೊನೆಯತನಕ ಓದಿದಳು. ಅವಸರದಲ್ಲಿ ಅವಳು ತಪ್ಪು ಟೈಪ್ ಮಾಡಿದ್ದ ಒಂದು ಪದ ಕೂಡ ತಿದ್ದದೆ ಹಾಗೇ ಇತ್ತು. ಕದ್ದವರು ಒಂದು ಸಲ ಪೂರ್ತಿ ಓದಿಯೂ ನೋಡಿರಲಿಲ್ಲ. ಅದನ್ನು ಕಂಡಾಗಲೇ ಅವಳ ಕಿವಿ ಬಿಸಿಯಾದದ್ದು. ಬೆಲ್ ಹೊಡೆಯಿತು. ಅವಳು ಏಳಲಿಲ್ಲ.

ಇಂಗ್ಲಿಷಿನಲ್ಲಿ ಬರೆಯುವ ನಮ್ಮ ದೇಶದ ನಾಟಕಕಾರರು ಕೂಲಿ ಹೆಂಗಸರ ಬಾಯಿಂದ ಎಂಥ ಮಾತು ಆಡಿಸುತ್ತಾರೆ ಎನ್ನುವುದು ಅವಳ ಸಂಶೋಧನೆಯ ವಿಷಯ. ಈಗ ಲೇಖನವಾಗಿ ಬಂದಿದ್ದ ನಾಲ್ಕನೆಯ ಅಧ್ಯಾಯ ಹುಟ್ಟಿದ್ದು ಅವಳ ಊರು ಸಾಲಗುಂದದ ಗದ್ದೆಯಲ್ಲಿ. ಒಂದು ನಾಟಕದಲ್ಲಿ ನಾಟಿ ಮಾಡುತ್ತಲೇ ಹೆಂಗಸರು ಅರ್ಧ ಪುಟದುದ್ದದ ಮಾತಾಡುವ ದೃಶ್ಯವಿತ್ತು. ಅದನ್ನು ಕನ್ನಡಕ್ಕೆ ಮಾಡಿಕೊಂಡು, ಬುತ್ತಿ ಬಿಚ್ಚುವ ಹೊತ್ತಿಗೆ ಹೋಗಿ, ಅವ್ವ ಗಾಳೆಮ್ಮನಿಗೂ ಅವಳ ಜೊತೆಯವರಿಗೂ ಓದಿ ಹೇಳಿದ್ದಳು. ಉಳಿದವರೆಲ್ಲ ನಕ್ಕರು. ಗಾಳೆಮ್ಮ ನಗಲಿಲ್ಲ.

‘ಬಗ್ಗಿ ನೆಲ್ಲು ಹಚ್ಚೋವಾಗ ಹಿಂಗ ಯಾರು ಮಾತಾಡ್ತಾರ? ಹೊಟ್ಟಿ ಮಡಚಿರತೈತಿ, ಉಸಿರು ಸಾಲಂಗಿಲ್ಲ. ಬೆನ್ನು ಎತ್ತಿದಾಗ ಮಾತು ಬರತೈತಿ. ಬೆನ್ನು ಎತ್ತಿದ್ರ ಒಡ್ಡಿನ ಮ್ಯಾಲೆ ನಿಂತವ ಬೈತಾನ’ ಅಂದಳು.

ಆ ಮಾತನ್ನು ಹಿಡಿದುಕೊಂಡು ಯಶೋಧರಾ ಹನ್ನೊಂದು ನಾಟಕಗಳನ್ನು ಮತ್ತೆ ಓದಿದಳು. ದುಡಿಯುವ ಮೈಗೆ ಎಷ್ಟು ಉದ್ದದ ವಾಕ್ಯ ಆಡಲು ಸಾಧ್ಯ, ಎಲ್ಲಿ ಅದು ತುಂಡಾಗುತ್ತದೆ, ನಾಟಕಕಾರ ಆ ಉಸಿರನ್ನು ಕೇಳಿಸಿಕೊಂಡಿದ್ದಾನೋ ಇಲ್ಲವೋ ಎಂದು ಸಾಲು ಸಾಲು ನೋಡಿ ಬರೆದಳು. ಅಡಿಟಿಪ್ಪಣಿಯಲ್ಲಿ ಅವ್ವನ ಹೆಸರು, ಊರು, ತಾರೀಖು ಹಾಕಿದ್ದಳು. ವಿರೇಶ ಸರ್ ಅದನ್ನು ತೆಗೆದುಕೊಂಡು ಹನ್ನೊಂದು ತಿಂಗಳು ಇಟ್ಟುಕೊಂಡರು. ಇದರಲ್ಲಿ ಥಿಯರಿ ಇಲ್ಲ, ಮನೆಯವರ ಮಾತು ರಿಸರ್ಚ್ ಆಗುವುದಿಲ್ಲ, ಸದ್ಯಕ್ಕೆ ಬಿಟ್ಟುಬಿಡು ಎಂದಿದ್ದರು. ಅದೇ ಹನ್ನೊಂದು ತಿಂಗಳಲ್ಲಿ ಅವಳು ಅವರ ಪುಸ್ತಕಕ್ಕೆ ಪದಸೂಚಿ ಮಾಡಿಕೊಟ್ಟಿದ್ದಳು, ಅವರ ಪಾಲಿನ ಉತ್ತರಪತ್ರಿಕೆ ತಿದ್ದಿದ್ದಳು, ಅವರ ಮಗಳ ಶಾಲೆಯ ಪ್ರಾಜೆಕ್ಟನ್ನೂ ಬರೆದಿದ್ದಳು.

ಭಾನುವಾರ ಲಿಂಗಸುಗೂರಿಗೆ ಅವರ ಮನೆಗೆ ಹೋದಳು. ಅವರು ಮುಚ್ಚಿಡಲು ಕೂಡ ಹೋಗಲಿಲ್ಲ. ಚಹಾ ತರಿಸಿದರು. ವಿಚಾರ ಇಬ್ಬರ ಚರ್ಚೆಯಲ್ಲಿ ಹುಟ್ಟಿದ್ದು, ಗೈಡ್ ಅಂದಮೇಲೆ ಇಷ್ಟೂ ಹಕ್ಕಿಲ್ಲವೇ ಎಂದರು. ಅಡಿಟಿಪ್ಪಣಿಯಲ್ಲಿದ್ದ ಹೆಸರು ಎಲ್ಲಿ ಹೋಯಿತೆಂದು ಅವಳು ಕೇಳಿದಾಗ ಮಾತ್ರ ಅವರ ದನಿ ಬದಲಾಯಿತು.

‘ನಿನ್ನ ಹೆಸರಿಲೆ ಕಳಿಸಿದ್ರ ಯಾರು ಛಾಪಿಸ್ತಿದ್ರು? ನಿಮ್ಮಂಥೋರಿಗೆ ಸೀಟು ಸಿಕ್ಕಿದ್ದೇ ದೊಡ್ಡದು. ಥೀಸಿಸ್ ಮ್ಯಾಲೆ ಸಹಿ ಹಾಕಾವ ನಾನು, ನೆನಪಿರಲಿ.’

ಅವಳು ಚಹಾ ಮುಟ್ಟದೆ ಎದ್ದು ಬಂದಳು. ಬಸ್ಸಿನಲ್ಲಿ ಕೂತಾಗ ಸಿಟ್ಟು ಬಂದದ್ದು ಅವರ ಮೇಲಷ್ಟೇ ಅಲ್ಲ. ‘ನಿಮ್ಮಂಥೋರು’ ಎಂಬ ಮಾತು ಕೇಳಿಯೂ ಹೋಗಿಬರುತ್ತೇನೆ ಸರ್ ಎಂದು ಹೇಳಿ ಬಂದಿದ್ದ ತನ್ನ ನಾಲಿಗೆಯ ಮೇಲೂ ಬಂತು.

ಮನೆಯಲ್ಲಿ ಎಲ್ಲವನ್ನೂ ಅವ್ವನಿಗೆ ಹೇಳಿದಳು. ಗೈಡ್ ಅಂದರೇನು, ಲೇಖನ ಅಂದರೇನು ಎಂದು ಬಿಡಿಸಿ ಹೇಳಬೇಕಾಯಿತು. ಗಾಳೆಮ್ಮ ಎಲ್ಲ ಕೇಳಿಸಿಕೊಂಡು, ಅದರಲ್ಲಿ ತನ್ನ ಹೆಸರು ಇದೆಯೇ ಎಂದು ಕೇಳಿದಳು. ಇಲ್ಲ, ‘ಒಬ್ಬ ಅನಕ್ಷರಸ್ಥ ಕೂಲಿ ಹೆಂಗಸು ನನಗೆ ಹೇಳಿದಂತೆ’ ಎಂದಿದೆ ಅಂದಳು ಮಗಳು.

‘ಅವಗ ನಾ ಯಾವಾಗ ಹೇಳೀನಿ?’

‘ಹೇಳಿಲ್ಲಬೇ. ಅದಕ್ಕ ಸುಳ್ಳು ಅನ್ನಾಕತ್ತೀನಿ.’

ಮುಂದಿನ ವಾರ ಲಿಂಗಸುಗೂರಿನಲ್ಲಿ ಎರಡು ದಿನದ ವಿಚಾರ ಸಂಕಿರಣವಿತ್ತು. ಇಂಗ್ಲಿಷ್ ಬರವಣಿಗೆಯಲ್ಲಿ ಹಳ್ಳಿಯ ಬದುಕು ಎನ್ನುವುದು ವಿಷಯ. ವಿರೇಶ ಸರ್ ಅದೇ ಲೇಖನ ಓದುವವರಿದ್ದರು. ಅವ್ವ ತಾನೂ ಬರುತ್ತೇನೆ ಎಂದಾಗ ಯಶೋಧರಾ ಮೊದಲು ಬೇಡ ಅಂದಳು. ಅವ್ವನನ್ನು ಆ ಜನರ ಮುಂದೆ ನಿಲ್ಲಿಸುವುದು ಅವಳಿಗೆ ಸರಿಬರಲಿಲ್ಲ. ಗಾಳೆಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಅವತ್ತಿನ ಕೂಲಿ ಬಿಟ್ಟು, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಸ್ ಹತ್ತಿದಳು. ಮಸ್ಕಿಯಲ್ಲಿ ಶಂಶಾದ್‌ಬೀ ಹತ್ತಿದಳು.

ಸಭಾಂಗಣದಲ್ಲಿ ನೂರು ಜನ ಇದ್ದರೇನೋ. ಮೂವರೂ ಎರಡನೆಯ ಸಾಲಿನಲ್ಲಿ ಕೂತರು. ವಿರೇಶ ಸರ್ ಇಪ್ಪತ್ತು ನಿಮಿಷ ಓದಿದರು. ಬಿಸಿಲಿನಲ್ಲಿ ಗದ್ದೆಯ ಬದುವಿನ ಮೇಲೆ ನಿಂತು ತಾವು ಆ ಹೆಂಗಸನ್ನು ಮಾತಾಡಿಸಿದ ಬಗೆಯನ್ನು, ಬರೆದದ್ದರಲ್ಲಿ ಇಲ್ಲದಿದ್ದರೂ, ಸೇರಿಸಿ ಹೇಳಿದರು. ಕೈಯೆತ್ತಿ ಬೆನ್ನು ನೆಟ್ಟಗೆ ಮಾಡುವುದನ್ನು ಅಭಿನಯಿಸಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಯಶೋಧರಾ ಎದ್ದುನಿಂತಳು. ಇಂಗ್ಲಿಷಿನಲ್ಲಿ ಕೇಳಬೇಕೆಂದು ರಾತ್ರಿಯೆಲ್ಲ ತಯಾರಾಗಿದ್ದ ಪ್ರಶ್ನೆಯನ್ನು ಬಿಟ್ಟು ಕನ್ನಡದಲ್ಲಿ ಕೇಳಿದಳು.

‘ಸರ್, ಆ ಹೆಣ್ಣಮಗಳನ್ನ ಈಗ ಕಂಡ್ರ ಗುರುತು ಹಿಡೀತೀರೇನ್ರಿ?’

ಅವರು ನಕ್ಕು, ಫೀಲ್ಡ್ ವರ್ಕ್‌ನಲ್ಲಿ ನೂರಾರು ಜನ ಸಿಗುತ್ತಾರೆ, ಆದರೆ ಆ ಮುಖ ಮರೆಯುವಂಥದ್ದಲ್ಲ ಎಂದರು. ಯಶೋಧರಾ ಪಕ್ಕದಲ್ಲಿದ್ದ ಅವ್ವನ ತೋಳು ಹಿಡಿಯಬೇಕೆನ್ನುವಷ್ಟರಲ್ಲಿ ಗಾಳೆಮ್ಮ ತಾನೇ ಎದ್ದಿದ್ದಳು. ವಿರೇಶ ಸರ್ ಆಕೆಯತ್ತ ನೋಡಿದರು. ಯಾರೋ ತಪ್ಪಿ ಒಳಗೆ ಬಂದವರನ್ನು ನೋಡುವ ಹಾಗೆ ನೋಡಿದರು.

‘ಆ ಮಾತು ಆಡಿದಾಕಿ ನಾನು, ಸಾಲಗುಂದದ ಗಾಳೆಮ್ಮ. ನಾ ಹೇಳಿದ್ದು ನನ್ನ ಮಗಳಿಗೆ. ನಿಮ್ಮ ಮಾರಿ ಇವತ್ತ ನೋಡಾಕತ್ತೀನಿ.’

ಸಂಘಟಕರು ಓಡಿ ಬಂದರು. ಇದು ವೈಯಕ್ತಿಕ ವಿಷಯ, ಹೊರಗೆ ಮಾತಾಡಿಕೊಳ್ಳಿ ಎಂದರು. ಯಶೋಧರಾ ನಿಂತೇ ಇದ್ದಳು. ಅಧ್ಯಾಯವನ್ನು ತಾನು ಸರ್‌ಗೆ ಕಳಿಸಿದ ತಾರೀಖು, ಲೇಖನ ಅಚ್ಚಾದ ತಾರೀಖು, ತಿದ್ದದೆ ಉಳಿದ ತಪ್ಪು, ಎಲ್ಲವನ್ನೂ ಗಟ್ಟಿಯಾಗಿ ಹೇಳಿದಳು. ಮೈಕು ಇರಲಿಲ್ಲ. ಬೇಕಾಗಲೂ ಇಲ್ಲ. ಅವಳು ಮಾತು ಮುಗಿಸುವ ಮೊದಲೇ ಚಹಾ ವಿರಾಮ ಎಂದು ಘೋಷಿಸಿದರು. ಬಾಗಿಲಲ್ಲಿ ಇಬ್ಬರು ಸಂಶೋಧನಾ ವಿದ್ಯಾರ್ಥಿನಿಯರು ಅವಳ ಕೈ ಹಿಡಿದು ಒತ್ತಿ ಹೋದರು. ಉಳಿದವರು ಮೊಬೈಲ್ ನೋಡುತ್ತಿದ್ದರು. ಅದು ಅವಳನ್ನು ಕಳವಿಗಿಂತ ಹೆಚ್ಚು ಕೆರಳಿಸಿತು. ಅವರಲ್ಲಿ ಅರ್ಧ ಜನಕ್ಕೆ ಇಂಥದ್ದು ಆಗಿದೆ ಎಂದು ಶಂಶಾದ್‌ಬೀ ಹೇಳಿದಾಗ, ಹಾಗಾದರೆ ಅರ್ಧ ಜನವಾದರೂ ಏಳಬೇಕಿತ್ತು ಎಂದಳು.

ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟಳು. ಸಮಿತಿ ಮೂರು ಸಲ ಕರೆಯಿತು. ಮೂರನೆಯ ಸಲ ಅವರೇ ಒಂದು ಕಾಗದ ಸಿದ್ಧಮಾಡಿ ಮುಂದಿಟ್ಟರು: ಲೇಖನ ಇಬ್ಬರದೂ ಎಂದು ತಿದ್ದಿಸೋಣ, ಮೊದಲು ಸರ್ ಹೆಸರು, ಆಮೇಲೆ ನಿಮ್ಮದು. ಸಹಿ ಮಾಡಿದರೆ ಥೀಸಿಸ್ಸೂ ಬೇಗ ಮುಗಿಯುತ್ತದೆ ಎಂದು ಒಬ್ಬರು ಅಕ್ಕರೆಯಿಂದಲೇ ಹೇಳಿದರು. ಅವಳು ಪೆನ್ನು ಇಸಿದುಕೊಂಡು ಸಹಿಯ ಜಾಗದಲ್ಲಿ ‘ಇದನ್ನು ಬರೆದವಳು ನಾನೊಬ್ಬಳೇ’ ಎಂದು ಬರೆದು, ಕಾಗದವನ್ನು ಅವರ ಕಡೆಗೇ ತಳ್ಳಿದಳು.

ಎಂಟು ತಿಂಗಳ ನಂತರ ಪತ್ರಿಕೆಯವರು ಕಾರಣ ಹೇಳದೆ ಲೇಖನ ತೆಗೆದುಹಾಕಿದರು. ವಿರೇಶ ಸರ್‌ಗೆ ಎಚ್ಚರಿಕೆಯ ಪತ್ರ ಹೋಯಿತು, ಅಷ್ಟೇ. ಅವರ ಕೈಕೆಳಗೆ ಈಗಲೂ ಐದು ಜನ ಸಂಶೋಧನೆ ಮಾಡುತ್ತಿದ್ದಾರೆ. ಯಶೋಧರಾಗೆ ಬೇರೆ ಗೈಡ್ ಕೊಟ್ಟರು. ಅದರಿಂದ ಅವಳ ಸಂಶೋಧನೆ ಎರಡು ವರ್ಷ ಹಿಂದಕ್ಕೆ ಬಿತ್ತು. ಸಿಂಧನೂರಿನ ಕಾಲೇಜು ಮುಂದಿನ ವರ್ಷಕ್ಕೆ ಕಾರ್ಯಭಾರ ಇಲ್ಲ ಎಂದು ಅವಳ ಹೆಸರು ಕೈಬಿಟ್ಟಿತು.

ಈ ಜೂನ್‌ನಲ್ಲಿ ಇನ್ನೊಂದು ಕಾಲೇಜಿಗೆ ಸಂದರ್ಶನಕ್ಕೆ ಹೋಗಿದ್ದಳು. ಕಡತ ತಿರುವಿದ ಪ್ರಾಂಶುಪಾಲರು, ಲಿಂಗಸುಗೂರಿನಲ್ಲಿ ಗಲಾಟೆ ಮಾಡಿದವರು ನೀವೇ ಏನು ಎಂದು ಕೇಳಿದರು.

‘ಗಲಾಟೆ ಮಾಡಿಲ್ರಿ. ಪ್ರಶ್ನೆ ಕೇಳೀನಿ. ನೀವು ಕರೆದ್ರ ಇಲ್ಲೂ ಕೇಳ್ತೀನಿ.’

ಕೆಲಸ ಸಿಗಲಿಲ್ಲ. ಈಗ ಮಸ್ಕಿಯಲ್ಲಿ ಶಂಶಾದ್‌ಬೀ ಮನೆಯ ಮಾಳಿಗೆಯ ಮೇಲೆ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ಮಧ್ಯಾಹ್ನ ಅವರು ಹೋದಮೇಲೆ ಐದನೆಯ ಅಧ್ಯಾಯ ಬರೆಯಲು ಕೂರುತ್ತಾಳೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಅವಳಿಗೂ ಅನ್ನಿಸಿಲ್ಲ.