ಬೇಲಿಗೆ ಒರಗಿಸಿದ ಕೋವಿ

"ಅಂಥದ್ದೇನಿದೆ ಇದರಲ್ಲಿ?"

ಕೇಳಿದ್ದು ಯಾರನ್ನೂ ಅಲ್ಲ. ಅಂಗಡಿಯಲ್ಲಿ ಆ ಹೊತ್ತಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಕೆತ್ತನೆಗಾರ ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಪ್ಪು ಹುಡುಕಲೆಂದೇ ಬಂದ ನಾದಿನಿಯ ಹಾಗೆ ಮೇಲಿಂದ ಕೆಳಗೆ ನೋಡಿದ.

ತಪ್ಪುಗಳಿಗೇನು ಬರವಿರಲಿಲ್ಲ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಒಟ್ಟಿಗೆ ಹುಟ್ಟಿದ ಒಂಟಿ ನಳಿಗೆಯ ಕೋವಿ ಅದು. ಕೈ ತಾಗುವ ಕಡೆಯೆಲ್ಲ ನಳಿಗೆಯ ಕಪ್ಪು ಸವೆದು ಹಳೆಯ ಸೌಟಿನಂತೆ ಬಿಳಿಚಿಕೊಂಡಿತ್ತು. ಹೆಗಲಿಗೆ ಆನಿಸುವ ಮರ ಎಂದೋ ಸೀಳಿದ್ದರಿಂದ ಕರೆಂಟಿನ ಕೆಲಸದವರ ಕಪ್ಪು ಟೇಪನ್ನು ಅದಕ್ಕೆ ಮೂರು ಸುತ್ತು ಸುತ್ತಲಾಗಿತ್ತು. ಮೂಲೆಯಲ್ಲಿ ಒಣಗಿದ ಕೆಸರು. ಇದರ ಮೇಲೆ ಚಂದದ ಒಂದು ಗೆರೆಯಿಲ್ಲ, ಚುಕ್ಕೆಯಿಲ್ಲ. ಆದರೆ ಮರದ ಮೇಲೆ ಭಾವನ ಕೆನ್ನೆ ಒತ್ತಿ ಒತ್ತಿ ಆದ ಒಂದು ಸಣ್ಣ ತಗ್ಗು ಮಾತ್ರ ಗಾಜಿನಂತೆ ನುಣುಪಾಗಿತ್ತು. ಆ ತಗ್ಗನ್ನು ಕಂಡಾಗಲೆಲ್ಲ ಕೆತ್ತನೆಗಾರನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು.

ಭಾವ ಎಂದರೆ ಇವನ ಅಕ್ಕನ ಗಂಡ. ಊರಾಚೆಯ ದೊಡ್ಡ ಹಣ್ಣಿನ ತೋಟದ ಕಾವಲು ಅವನದು. ಹಂದಿ ಬರಲಿ, ಹಕ್ಕಿಯ ಹಿಂಡು ಬರಲಿ, ಅವನ ಹೆಗಲ ಮೇಲೆ ಇದೇ ಕೋವಿ. ಅದಕ್ಕೆ 'ಮೊಂಡಿ' ಎಂದು ಹೆಸರನ್ನೂ ಇಟ್ಟಿದ್ದ. "ಮೊಂಡಿ ಇವತ್ತು ಸಿಟ್ಟಾಗಿದ್ದಾಳೆ" ಎನ್ನುತ್ತಿದ್ದ, "ಮೊಂಡಿಗೆ ಸ್ವಲ್ಪ ಎಣ್ಣೆ ಕುಡಿಸು" ಎನ್ನುತ್ತಿದ್ದ.

ಅದೇ ಭಾವನ ಮನೆಯ ಬೀರುವಿನಲ್ಲಿ ಇನ್ನೊಂದು ಕೋವಿಯಿತ್ತು. ಅದಕ್ಕೆ ಹೆಸರಿರಲಿಲ್ಲ. ಮನೆಯವರೆಲ್ಲ ದನಿ ತಗ್ಗಿಸಿ 'ಒಳಗಿನದು' ಎನ್ನುತ್ತಿದ್ದರು. ಅದನ್ನು ಮಾಡಿದವನು ಈ ಕೆತ್ತನೆಗಾರ. ಹೆಂಡತಿ ತೀರಿಕೊಂಡ ವರ್ಷ ಅನ್ನ ನೀರು ಬಿಟ್ಟು ಕೂತಿದ್ದ ಇವನನ್ನು ಭಾವ ಕೈಹಿಡಿದು ಕರೆದೊಯ್ದು, ಒಂದು ವರ್ಷ ಮನೆಯಲ್ಲಿಟ್ಟುಕೊಂಡು, ಒಂದು ದಿನವೂ ಮುಖ ಸಿಂಡರಿಸದೆ ನೋಡಿಕೊಂಡಿದ್ದ. ಬಾಯಲ್ಲಿ ಹೇಳಿ ಮುಗಿಯದ ಮಾತನ್ನು ಇವನು ಕಬ್ಬಿಣದಲ್ಲಿ ಹೇಳಲು ಹೊರಟ. ಜೋಡಿ ನಳಿಗೆ, ಅಕ್ರೋಟದ ಮರ, ಎರಡೂ ಪಕ್ಕದ ತಗಡಿನಲ್ಲಿ ಕೆತ್ತನೆ. ಒಂದು ಕಡೆ ಹಣ್ಣಿನ ಮರದ ಕೆಳಗೆ ಮೂತಿ ಎತ್ತಿದ ಹಂದಿ, ಇನ್ನೊಂದು ಕಡೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ. ಗರಿ ಎಳೆಯುವಾಗ ಕೈ ನಡುಗಬಾರದೆಂದು ಒಂದು ಗರಿಗೆ ಒಂದೇ ಉಸಿರು ಹಿಡಿಯುತ್ತಿದ್ದ. ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಎಡಗಣ್ಣು ಮಂಜಾಯಿತು. ಇನ್ನು ಅಷ್ಟು ಸಣ್ಣ ಕೆಲಸ ನಿನ್ನಿಂದಾಗದು ಎಂದು ಕಣ್ಣಿನ ಡಾಕ್ಟರು ಖಡಾಖಂಡಿತ ಹೇಳಿಬಿಟ್ಟರು.

ಅದು ಕೈಗೆ ಬಂದ ದಿನ ಭಾವ ಅತ್ತಿದ್ದ. ಒರೆಸಿ, ಉಣ್ಣೆಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟ. ಆರು ವರ್ಷ ಕಳೆದಿತ್ತು. ಇಷ್ಟು ದಿನದಲ್ಲಿ ಅದರಿಂದ ಒಂದು ತೋಟಾವೂ ಹಾರಿರಲಿಲ್ಲ.

ಇರುವ ಒಂದು ಕಣ್ಣು ನಂದುವ ಮೊದಲು, ತನ್ನ ಕೋವಿಯನ್ನು ಭಾವನ ಹೆಗಲ ಮೇಲೆ ಬಯಲಲ್ಲಿ ಒಮ್ಮೆ ನೋಡಬೇಕು. ಕೆತ್ತನೆಗಾರನಿಗೆ ಉಳಿದ ಆಸೆ ಇದೊಂದೇ.

ಮಧ್ಯಾಹ್ನ ಭಾವ ಬಂದ. ಬಾಗಿಲಲ್ಲೇ ಬೂಟು ಕೊಡವುತ್ತಾ ಕೇಳಿದ: "ಏನಪ್ಪಾ, ನಮ್ಮ ಮೊಂಡಿಗೆ ಏನಾಗಿದೆ?"

"ಒಳಗಿನ ಸ್ಪ್ರಿಂಗು ಮುರಿದಿದೆ ಭಾವ."

"ಅಷ್ಟೇನಾ? ಹಾಕಿಬಿಡು. ಭಾನುವಾರ ಪಂದ್ಯ ಇದೆ."

ಪಂದ್ಯವೆಂದರೆ ಸುತ್ತಲಿನ ತೋಟಗಳ ಕಾವಲಿನವರೆಲ್ಲ ಸೇರಿ, ಯಂತ್ರ ಎಸೆಯುವ ಮಣ್ಣಿನ ಬಿಲ್ಲೆಗಳನ್ನು ಗಾಳಿಯಲ್ಲೇ ಒಡೆಯುವುದು. ಹಿಂದಿನ ವರ್ಷ ಇಪ್ಪತ್ತೈದರಲ್ಲಿ ಇಪ್ಪತ್ತೆರಡು ಒಡೆದು ಭಾವ ಮೊದಲಿಗನಾಗಿದ್ದ.

ಅಂಥ ಸ್ಪ್ರಿಂಗು ಕೆತ್ತನೆಗಾರನ ಮೊಣಕಾಲಿಗೆ ತಾಗುವ ಡ್ರಾಯರಿನಲ್ಲೇ ಇತ್ತು. ಒಂದಲ್ಲ, ನಾಲ್ಕು.

"ಆ ಅಳತೆಯದು ನನ್ನ ಹತ್ರ ಇಲ್ಲ. ತರಿಸ್ಬೇಕು. ಎರಡು ವಾರ ಆಗುತ್ತೆ" ಎಂದ. ಇದ್ದದ್ದನ್ನು ಇದ್ದಂತೆ ಹೇಳಿಯೇ ಅಭ್ಯಾಸವಿದ್ದ ನಾಲಿಗೆ. ಮೊಣಕಾಲಿನಿಂದ ಡ್ರಾಯರನ್ನು ಇನ್ನಷ್ಟು ಒಳಗೆ ತಳ್ಳಿದ.

"ಕೆಟ್ಟೆನಲ್ಲಪ್ಪಾ!"

"ಯಾಕೆ ಭಾವ, ಒಳಗಿನದು ಇದೆಯಲ್ಲ."

"ಅದನ್ನಾ?" ಭಾವ ಮಗುವನ್ನು ಬಾವಿಕಟ್ಟೆಯ ಮೇಲೆ ಕಂಡವನಂತೆ ಬೆಚ್ಚಿದ. "ಮೊಂಡಿಗೆ ಏಟು ಬಿದ್ರೆ ಬಿತ್ತು, ಯಾರು ಕೇಳ್ತಾರೆ? ಇವಳು ಹೋದ್ರೆ ಅಂಗಡೀಲಿ ಇಂಥವಳು ಹತ್ತು ಜನ ಸಿಗ್ತಾರೆ. ಅದಕ್ಕೊಂದು ಗೀರು ಬಿದ್ರೆ ನಿನಗೆ ಮುಖ ಹೇಗೆ ತೋರಿಸ್ಲಿ?"

"ಗೀರು ಬಿದ್ರೆ ಬೀಳ್ಲಿ. ನಾನೇ ಹೇಳ್ತಿದ್ದೀನಲ್ಲ."

"ನೀನು ಬಾಯಲ್ಲಿ ಹೇಳ್ತೀಯ" ಎಂದು ಭಾವ ನಕ್ಕ. ಆದರೆ ಬೇರೆ ದಾರಿಯಿರಲಿಲ್ಲ. ಒಬ್ಬರ ಲೈಸೆನ್ಸಿನ ಕೋವಿಯನ್ನು ಇನ್ನೊಬ್ಬರು ಎರವಲು ತರುವ ಹಾಗಿಲ್ಲ. ತಲೆ ಕೆರೆದುಕೊಂಡು ಒಪ್ಪಿ ಹೋದ.

ಭಾನುವಾರ ಬೆಳಿಗ್ಗೆ ಬೀರು ತೆಗೆಯುವಾಗ ಕೆತ್ತನೆಗಾರ ಅಲ್ಲೇ ನಿಂತಿದ್ದ. ಭಾವ ಕೈ ತೊಳೆದು, ಒರೆಸಿ, ಬಟ್ಟೆಯ ಒಂದೊಂದೇ ಸುತ್ತು ಬಿಚ್ಚಿದ. ಅಕ್ಕ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಮೂವತ್ತು ವರ್ಷದಲ್ಲಿ ನನ್ನನ್ನ ಒಂದಿನ ಇಷ್ಟು ಜೋಪಾನವಾಗಿ ಎಬ್ಬಿಸಿಲ್ಲ ಈ ಮಹಾರಾಯ" ಎಂದಳು. "ನಾನೂ ಮೊಂಡಿ ಜಾತಿಯವಳೇ ಅನ್ನು. ದಿನಾ ದುಡಿಯೋದಕ್ಕೆ ಇರೋಳು."

"ಸುಮ್ನಿರೇ, ಉಗುಳು ಹಾರುತ್ತೆ" ಎಂದ ಭಾವ ಕೋವಿಯಿಂದ ಕಣ್ಣು ತೆಗೆಯದೆ.

"ಕೇಳಿದ್ಯೇನೋ ತಮ್ಮಾ?"

ತಮ್ಮನಿಗೆ ಏನೂ ಕೇಳಿಸಲಿಲ್ಲ. ಆರು ವರ್ಷದ ಮೇಲೆ ಕೊಕ್ಕರೆ ಬೆಳಕು ಕಂಡಿತ್ತು.

ಬಯಲಿನಲ್ಲಿ ಚಳಿಗಾಳಿ ಬೀಸುತ್ತಿತ್ತು. ವ್ಯಾನಿನಿಂದ ಕೋವಿ ಇಳಿದದ್ದೇ ತಡ, ಜನ ಮುತ್ತಿಕೊಂಡರು. "ಅಬ್ಬಬ್ಬಾ, ಹಂದಿಯ ಕೂದಲು ಎಣಿಸಬಹುದಲ್ರೀ!" ಎಂದನೊಬ್ಬ. "ಯಾರ ಕೈ ಇದು?" ಎಂದು ಇನ್ನೊಬ್ಬ ಕೇಳಿದ. ಭಾವ ಎದೆಯುಬ್ಬಿಸಿ ಇವನ ಭುಜ ಹಿಡಿದು ಮುಂದೆ ತಳ್ಳಿದ. ಕೆತ್ತನೆಗಾರ ನೆಲ ನೋಡಿದ. ಹೊಟ್ಟೆಯ ಬೆಂಕಿಗೆ ಯಾರೋ ತಣ್ಣೀರು ಹೊಯ್ದ ಹಾಗಾಯಿತು. ಅಂಗಡಿಯ ಮೂಲೆಯಲ್ಲಿ ಮುರಿದು ಬಿದ್ದ ಮೊಂಡಿಯನ್ನು ನೆನೆದು, ಅಲ್ಲೇ ಬಿದ್ದಿರು ನೀನು, ಎಂದು ಮನಸ್ಸಿನಲ್ಲೇ ಅಂದ.

ಭಾವನ ಸರದಿ ಬಂತು. ಹೋಗಿ ನಿಂತವನು ತನ್ನ ಕೋಟು ನೋಡಿಕೊಂಡ. ದಪ್ಪ ಕೋಟು, ಅದಕ್ಕೆ ಹಿತ್ತಾಳೆ ಗುಂಡಿ. ಒಂದು ಕ್ಷಣ ಯೋಚಿಸಿ ಕೋಟು ಬಿಚ್ಚಿದ.

"ಏನ್ರೀ, ಸ್ನಾನಕ್ಕೆ ಹೊರಟ್ರಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಗುಂಡಿ ಉಜ್ಜುತ್ತೆ ಮರಕ್ಕೆ" ಎಂದ ಭಾವ. ತೆಳು ಅಂಗಿಯಲ್ಲಿ, ರೋಮವೆಲ್ಲ ನಿಮಿರಿಕೊಂಡು ನಿಂತ.

ಮೊದಲ ಬಿಲ್ಲೆ ಹಾರಿತು. ಕೋವಿ ಹೆಗಲಿಗೆ ಏರುವಷ್ಟರಲ್ಲಿ ಅದು ಹುಲ್ಲಿಗೆ ಬಿದ್ದಾಗಿತ್ತು. ಎರಡನೆಯದಕ್ಕೆ ಗುಂಡು ಹಾರಿತು, ಬಿಲ್ಲೆ ತನ್ನ ಪಾಡಿಗೆ ತಾನು ಹೋಯಿತು. ಭಾವ ಕೋವಿಯನ್ನು ಕೆನ್ನೆಗೆ ಒತ್ತುತ್ತಿರಲಿಲ್ಲ. ಬೆವರು ತಾಗೀತೆಂದು ಒಂದು ಬೆರಳು ದೂರ ಹಿಡಿದಿದ್ದ. ಪ್ರತಿ ಗುಂಡಿನ ನಂತರ ಜೇಬಿನಿಂದ ಬಟ್ಟೆ ತೆಗೆದು ನಳಿಗೆ ಒರೆಸುತ್ತಿದ್ದ. ಮೊಂಡಿ ಹೆಗಲಲ್ಲಿದ್ದಾಗ ಇದೇ ಮನುಷ್ಯ ಬೇಲಿ ಹಾರುತ್ತಾ, ಬಾಯಲ್ಲಿ ಹಣ್ಣು ಕಚ್ಚಿಕೊಂಡೇ ಗುರಿ ಹೊಡೆಯುವುದನ್ನು ಕೆತ್ತನೆಗಾರ ಕಂಡಿದ್ದ. ಇಲ್ಲಿ ನಿಂತವನು ಬೇರೆ ಯಾರೋ. ತುಂಬಿದ ಹಾಲಿನ ಪಾತ್ರೆ ಹೊತ್ತು ನಡೆಯುವವನು.

ಕಡೆಗೆ ಇಪ್ಪತ್ತೈದರಲ್ಲಿ ಆರು.

ಜನ ಮೊದಲು ನಕ್ಕರು, ಆಮೇಲೆ ಕನಿಕರದಿಂದ ಸುಮ್ಮನಾದರು. ಅಷ್ಟರಲ್ಲಿ ತುಂತುರು ಬಿತ್ತು. ಭಾವ ಬಿಚ್ಚಿಟ್ಟ ಕೋಟನ್ನು ಕೋವಿಗೆ ಹೊದಿಸಿ, ತಾನು ನೆನೆಯುತ್ತಾ ವ್ಯಾನಿನವರೆಗೆ ಓಡಿದ.

ದಾರಿಯಲ್ಲಿ ಅವನೇ ಮಾತು ತೆಗೆದ. "ಬೇಜಾರು ಮಾಡ್ಕೋಬೇಡ. ನಿನ್ನ ಕೋವೀದು ಏನೂ ತಪ್ಪಿಲ್ಲ. ನನ್ನ ಕಣ್ಣು ಬಿಲ್ಲೆ ಮೇಲೆ ಇರ್ಲೇ ಇಲ್ಲ, ಕೊಕ್ಕರೆ ಮೇಲಿತ್ತು." ಹೇಳುತ್ತಾ ಮೂರು ಸಲ ಸೀನಿದ.

ಕೆತ್ತನೆಗಾರ ಕಿಟಕಿಯ ಕಡೆ ಮುಖ ತಿರುಗಿಸಿದ. ಆಸೆ ಕೈಗೂಡಿತ್ತು, ಕಣ್ತುಂಬ ನೋಡಿದ್ದ. ಆದರೂ ಒಳಗಿನ ಉರಿ ಆರಿರಲಿಲ್ಲ, ಇನ್ನೂ ಭುಗಿಲೆದ್ದಿತ್ತು. ಹದಿನಾಲ್ಕು ತಿಂಗಳ ಉಸಿರೆಲ್ಲ ಸೇರಿ ಭಾವನಿಗೆ ಕೊಟ್ಟದ್ದು ಬರೀ ಹೆದರಿಕೆ. ಮೂರು ಸುತ್ತು ಟೇಪು ಕೊಟ್ಟದ್ದು ಧೈರ್ಯ.

ಮರುದಿನ ಅಂಗಡಿ ತೆರೆದವನೇ ಡ್ರಾಯರು ಎಳೆದು, ಸ್ಪ್ರಿಂಗು ತೆಗೆದು ಮೊಂಡಿಗೆ ಹಾಕಿದ. ಹತ್ತು ನಿಮಿಷದ ಕೆಲಸ. ಭಾವನಿಗೆ ಹೇಳಿ ಕಳಿಸಿದ. ನೆಗಡಿಯಾದ ಮೂಗು ಒರೆಸಿಕೊಳ್ಳುತ್ತಾ ಭಾವ ಬಂದ. ಹಿಂದೆಯೇ ಚೀಲ ಹಿಡಿದು ಅಕ್ಕ.

"ಎರಡು ವಾರ ಅಂದಿದ್ದೆ?" ಎಂದ ಭಾವ.

"ಇಲ್ಲೇ ಇತ್ತು ಭಾವ. ಆವತ್ತೇ ಇತ್ತು." ಮಾತು ನೇರ ಹೊರಬಿತ್ತು. "ಬೇಕೂಂತಲೇ ಸುಳ್ಳು ಹೇಳ್ದೆ."

ಅಕ್ಕನೇ ಮೊದಲು ನಕ್ಕಳು. "ನಂಗೆ ಆವತ್ತೇ ಗೊತ್ತಾಯ್ತು ಕಣೋ. ಸವತಿ ಮೇಲೆ ಉರಿಯೋ ಮುಖ ನನಗೆ ತಿಳಿಯಲ್ವಾ? ಕಬ್ಬಿಣದ ಮೇಲೆ ಹೊಟ್ಟೆಕಿಚ್ಚು ಪಟ್ಟೋನು ಭೂಮಿ ಮೇಲೆ ನೀನೊಬ್ನೇ."

ಭಾವ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಮೊಂಡಿಯ ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ ಒಳಗೆ ತೋಟಾ ಇಲ್ಲವೆಂದು ನೋಡಿ, ಮತ್ತೆ ಮುಚ್ಚಿ, ಬಾಗಿಲ ಚೌಕಟ್ಟಿಗೆ ಒರಗಿಸಿ ಸ್ಟೂಲಿನ ಮೇಲೆ ಕೂತ. "ನಾನು ನಿನ್ನ ಕೋವಿ ಕೈಯಲ್ಲಿ ಹಿಡಿದು ಓಡಾಡ್ಬೇಕು. ಅಷ್ಟೇ ತಾನೇ ನಿನಗೆ ಬೇಕಾಗಿದ್ದು?"

"ಅಷ್ಟೇ" ಎಂದ ಕೆತ್ತನೆಗಾರ.

ಒರಗಿಸಿದ್ದ ಮೊಂಡಿ ಜಾರಿ ಸಿಮೆಂಟು ನೆಲದ ಮೇಲೆ ಧಡಾರನೆ ಬಿತ್ತು. ಭಾವ ತಿರುಗಿಯೂ ನೋಡದೆ ಬೂಟಿನ ತುದಿಯಿಂದ ಅದನ್ನೆತ್ತಿ, ಕೈಗೆ ತಂದುಕೊಂಡು, ತೊಡೆಯ ಮೇಲೆ ಹಾಕಿಕೊಂಡು ಮಾತು ಮುಂದುವರಿಸಿದ. "ಹಾಗಿದ್ರೆ ಒಂದು ಕೆಲಸ ಮಾಡು. ಇವಳ ಮೇಲೂ ಕೆತ್ತು. ದೊಡ್ಡದೇನೂ ಬೇಡ, ನಿನ್ನ ಕಣ್ಣಿಗೆ ತ್ರಾಸಾಗದ ಹಾಗೆ ಒಂದು ಪುಟ್ಟ ಕೊಕ್ಕರೆ. ಆಗ ದಿನಾ ನನ್ನ ಹೆಗಲ ಮೇಲೆ ನೀನೇ ಇದ್ದ ಹಾಗೆ."

ಅಕ್ಕನೂ ದನಿಗೂಡಿಸಿದಳು. "ಮಾಡ್ಕೊಡೋ. ಇಬ್ರಿಗೂ ಸಮಾಧಾನ."

ಕೆತ್ತನೆಗಾರ ಮೊಂಡಿಯನ್ನು ಇಸಿದುಕೊಂಡು ಮೇಜಿಗೆ ಕೂರಿಸಿದ್ದ ಇಕ್ಕಳಕ್ಕೆ ಕಚ್ಚಿಸಿ ಬಿಗಿದ. ಸಣ್ಣ ಚಾಣ ತಾನಾಗಿ ಕೈಗೆ ಬಂತು. ಬೋಳು ಕಬ್ಬಿಣ, ನಡುವೆ ಅಂಗೈಯಷ್ಟು ಜಾಗ. ಒಂದು ಕಣ್ಣು ಸಾಕು, ಕೊಕ್ಕರೆಯ ಕತ್ತಿನ ಬಾಗು ಬೆರಳಿಗೇ ಗೊತ್ತು. ಚಾಣದ ಮೊನೆಯನ್ನು ಕಬ್ಬಿಣಕ್ಕೆ ಇಟ್ಟ.

ಇಟ್ಟಾಗ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ನಾಳೆ ಭಾವ ಬೇಲಿಯ ಹತ್ತಿರ ನಿಂತು, ಒರಗಿಸಲೋ ಬೇಡವೋ ಎಂದು ಅನುಮಾನಿಸುತ್ತಾನೆ. ನಾಡಿದ್ದು ಜೇಬಿನಲ್ಲಿ ಒರೆಸುವ ಬಟ್ಟೆ ಬರುತ್ತದೆ. ವಾರದೊಳಗೆ ಟೇಪು ಬಿಚ್ಚಿ, ಹೊಸ ಮರ ಹಾಕು ಎನ್ನುತ್ತಾನೆ. ತಿಂಗಳಲ್ಲಿ ಮೊಂಡಿ ಉಣ್ಣೆಬಟ್ಟೆಯೊಳಗೆ. ತಾನು ಈ ದರಿದ್ರದವಳನ್ನು ಗೆಲ್ಲಲು ಬೇಕಾದದ್ದು ಹತ್ತು ಗೆರೆ ಮಾತ್ರ. ಆ ಯೋಚನೆಗೆ ಮೈ ಬೆಚ್ಚಗಾಯಿತು. ಆರು ವರ್ಷದಲ್ಲಿ ಅಷ್ಟು ಸಿಹಿಯಾದದ್ದು ಯಾವುದೂ ಹೊಳೆದಿರಲಿಲ್ಲ.

ಭಾವ ಸೀನಿದ. ಒರಗಲು ಮೊಂಡಿಯಿಲ್ಲದೆ ಅವನ ಬಲಗೈ ತೊಡೆಯ ಮೇಲೆ ಏನನ್ನೋ ಹುಡುಕುತ್ತಾ ಸುಮ್ಮನೆ ತಡಕಾಡುತ್ತಿತ್ತು. ಹೋದ ಚಳಿಗಾಲ ಹತ್ತು ಹೆಜ್ಜೆ ದೂರದಿಂದ ಹಂದಿ ಭಾವನ ಮೇಲೆ ನುಗ್ಗಿ ಬಂದಾಗ, ಮೊಂಡಿಯನ್ನು ಎತ್ತಲು ಆ ಕೈ ಯೋಚಿಸಿರಲಿಲ್ಲ. ಯೋಚಿಸಿದ್ದರೆ ಅಕ್ಕ ಇಲ್ಲಿ ನಗುತ್ತಾ ನಿಂತಿರುತ್ತಿರಲಿಲ್ಲ.

ಕೆತ್ತನೆಗಾರ ಚಾಣ ಕೆಳಗಿಟ್ಟ. ಇಕ್ಕಳ ಸಡಿಲಿಸಿ ಕೋವಿ ತೆಗೆದು, ಒರೆಸದೆ, ಎಸೆದ ಹಾಗೆಯೇ ಭಾವನ ತೊಡೆಗೆ ಹಾಕಿದ.

"ಯಾಕಪ್ಪಾ? ಒಂದೇ ಒಂದು ಕೊಕ್ಕರೆ" ಎಂದ ಭಾವ. "ನಿನ್ನ ಕಾಲು ಹಿಡ್ಕೊಳ್ಳೋದೊಂದು ಬಾಕಿ."

"ಹಿಡ್ಕೊಂಡ್ರೂ ಅಷ್ಟೇ, ಭಾವ. ಇದರ ಮೇಲೆ ಒಂದು ಗೀರೂ ಎಳೆಯಲ್ಲ ನಾನು."