ಬೇಲಿಯಾಚೆಯ ಕೆಮ್ಮು

ಆ ಬೆಳಗ್ಗೆ ಗಾಳಿ ಸೂರ್ಯನಿಗಿಂತ ಮೊದಲೇ ಎದ್ದಿತ್ತು. ತುರ್ಕ್‌ವೆಲ್ ಹೊಳೆಯ ಒಣ ಮರಳನ್ನು ಮುಷ್ಟಿ ಮುಷ್ಟಿಯಾಗಿ ತಂದು ಹಟ್ಟಿಯ ಮೇಲೆ ಎರಚುತ್ತಿತ್ತು. ಆಡಿನ ದೊಡ್ಡಿಯೊಳಗೆ ಗುಂಡಿ ತೋಡುತ್ತಿದ್ದವರು ಒಂದು ಬುಟ್ಟಿ ಮಣ್ಣು ಎತ್ತಿ ಹಾಕಿದರೆ ಗಾಳಿ ಅರ್ಧ ಬುಟ್ಟಿ ತಿರುಗಿ ತುಂಬುತ್ತಿತ್ತು.

"ಲೊಪೆಯೊಕ್ ಒಳಗೆ ಬರೋಕೆ ಒಪ್ತಿಲ್ಲ ನೋಡು," ಎಂದ ತೋಡುತ್ತಿದ್ದವನೊಬ್ಬ.

"ಬದುಕಿದ್ದಾಗ ಒಳಗೆ ಮಲಗಿದ್ದನ್ನ ಯಾರು ಕಂಡಿದ್ದೀರಿ? ಬೇಲಿ ಹತ್ರಾನೇ ಕೂತು ಕೂತು ಸವೆದ, ಪಾಪ."

ಗುಡಿಸಿಲೊಳಗೆ ಅರೂಪೆ ಸತ್ತ ಗಂಡ ಲೊಪೆಯೊಕ್‌ನ ಮೈಗೆ ಕೊಬ್ಬು ಸವರುತ್ತಿದ್ದಳು. ಬಲಭುಜದ ಮೇಲೆ ಬಂದೂಕಿನ ಪಟ್ಟಿ ಕೊರೆದ ಹಳ್ಳವಿತ್ತು, ಎತ್ತಿನ ಹೆಗಲಿಗೆ ನೊಗ ಕೊರೆದಂತೆ. ಬೆರಳು ಅಲ್ಲಿಗೆ ಬಂದಾಗಲೆಲ್ಲ ನಿಲ್ಲುತ್ತಿತ್ತು.

ಬೇಲಿಯ ಹೊರಗೆ ಯಾರೋ ಕೆಮ್ಮಿದರು.

ಅವಳು ತಲೆ ಎತ್ತಲಿಲ್ಲ. ಆ ಕೆಮ್ಮು ಅವಳಿಗೆ ಗೊತ್ತು. ಒಂಟೆ ಹಿಂಡಿನ ಜೊತೆ ದೂರವಿದ್ದ ಮಗ ಎಸಿನ್ಯೆನ್ ಸುದ್ದಿ ತಿಳಿದು ಬಂದಿದ್ದ.

"ಇವತ್ತಾದ್ರೂ ಕೆಮ್ಮದೆ ಬರಬಾರ್ದೇನೋ?" ಹಟ್ಟಿಯ ಹಿರಿಯ ಲೊಟುಕೋಯ್ ತನ್ನ ಪುಟ್ಟ ಮರದ ಪೀಠದ ಮೇಲಿಂದಲೇ ಗದರಿದ. "ಗುಂಡು ಹೊಡೆಯೋನು ಮಲಗಿದಾನೆ."

"ಅಭ್ಯಾಸ, ಅಜ್ಜ." ಎಸಿನ್ಯೆನ್ ಒಳಗೆ ಬಂದ. ಕೊರಳಲ್ಲಿ ದಾರಕ್ಕೆ ಕಟ್ಟಿದ, ಹಾರಿದ ಗುಂಡಿನ ಹಿತ್ತಾಳೆಯ ಖಾಲಿ ತೋಟೆ ತೂಗುತ್ತಿತ್ತು. ಅದೇ ಅವನ ನಸ್ಯದ ಡಬ್ಬಿ.

"ಕೇಳು. ಅಪ್ಪನ ಪೀಠ ನಿಂದು, ಕೋಲು ನಿಂದು, ಬಂದೂಕೂ ನಿಂದೇ. ಮಧ್ಯಾಹ್ನ ಹವಾಲ್ದಾರ ಬರ್ತಾನೆ. ಹೆಬ್ಬೆಟ್ಟು ಒತ್ತಿ ಹೆಗಲಿಗೆ ಹಾಕ್ಕೋ."

"ನನಗೆ ಬೇಡ."

"ಬೇಡ ಅನ್ನೋಕೆ ಇದೇನು ಎರಡನೇ ಲೋಟ ಚಹಾನಾ? ಬಂದೂಕಿಲ್ಲ ಅಂತ ಗುಡ್ಡದಾಚೆಯವರಿಗೆ ಗೊತ್ತಾದ್ರೆ ಒಂದು ಒಂಟೆ ಉಳಿಯಲ್ಲ."

"ನಿಮ್ಮ ಮಗನ ಹೆಗಲೂ ಖಾಲಿ ಇದೆಯಲ್ಲ, ಅಜ್ಜ."

ಲೊಟುಕೋಯ್‌ನ ಮಗ ಗುಂಡಿಯೊಳಗೆ ತಟ್ಟನೆ ಬಗ್ಗಿದ. ಮಣ್ಣು ಜೋರಾಗಿ ಮೇಲೆ ಬರತೊಡಗಿತು. ಯಾರೋ ನಕ್ಕರು. ಮುದುಕ ನಗಲಿಲ್ಲ.

"ದಾಳಿಗೆ ಬರೋರು ಮೊದಲು ಹುಡುಕೋದು ಬಂದೂಕಿನ ಮನೆಯನ್ನ. ನನಗೇನು ಗೊತ್ತಿಲ್ವಾ? ನಿಮ್ಮಪ್ಪನಿಗೂ ಗೊತ್ತಿತ್ತು. ಆದ್ರೂ ಹೊತ್ತ."

ಮಕ್ಕಳನ್ನು ಸೊಂಟಕ್ಕೇರಿಸಿಕೊಂಡ ಹೆಂಗಸರು ಎಸಿನ್ಯೆನ್‌ನನ್ನೇ ನೋಡುತ್ತಿದ್ದರು. ಅವನು ಎತ್ತ ತಿರುಗಿದರೂ ಆ ಕಣ್ಣುಗಳೇ.

*

ಲೊಪೆಯೊಕ್ ಎಂದರೆ ನೆಂಟರು ಬಂದ ಹೊತ್ತಿನಲ್ಲಿ ಹುಟ್ಟಿದವನು. ಹೆಸರಿಗೆ ತಕ್ಕಂತೆ ಅವನ ಹಟ್ಟಿಯಲ್ಲಿ ಉಂಡು ಹೋಗದವರಿರಲಿಲ್ಲ. ಸರ್ಕಾರ ಹಟ್ಟಿಗೊಬ್ಬನಿಗೆ ಬಂದೂಕು ಕೊಡುತ್ತೇವೆ ಎಂದಾಗ ಎಲ್ಲರ ಬೆರಳೂ ಅವನತ್ತಲೇ ತಿರುಗಿತು. ಕುಡಿಯುವವನಲ್ಲ, ಮುಂಗೋಪಿಯಲ್ಲ, ಮೇಲಿರುವ ದೇವರು ಅಕುಜ್‌ಗೆ ಅಂಜಿ ನಡೆಯುವವನು. ಠಾಣೆಯಲ್ಲಿ ಅವನಿಗೆ ಹೇಳಿದ್ದು ಇಷ್ಟೇ: ಬಂದೂಕನ್ನು ಮೈಯಿಂದ ಅಗಲಿಸಬೇಡ, ಗುಂಡು ಹಾರಿಸಿದರೆ ಖಾಲಿ ತೋಟೆ ತಂದು ಒಪ್ಪಿಸಿ ಯಾಕೆಂದು ಹೇಳು.

ನೆರೆಯ ಹಟ್ಟಿಯ ಮೇಲೆ ದಾಳಿಯಾದ ಮೇಲಿನ ದಿನಗಳು. ಹೊತ್ತು ಮುಳುಗುತ್ತಿತ್ತು. ಹೊರಗಿನವರು ಬಂದರೆ ಬೇಲಿಯಾಚೆಯ ಮುಳ್ಳುಮರದಡಿ ನಿಂತು ಕೆಮ್ಮಬೇಕು, ಕರೆದ ಮೇಲೆ ಒಳಗೆ ಬರಬೇಕು. ಅಜ್ಜಂದಿರ ಕಾಲದ ನಡೆ ಅದು. ಮರದಡಿಗೆ ಒಂದು ನೆರಳು ಬಂತು. ಕೆಮ್ಮಲಿಲ್ಲ. ಬಗ್ಗಿ ಬೇಲಿಯ ಮುಳ್ಳಿಗೆ ಕೈ ಹಾಕಿತು.

ಲೊಪೆಯೊಕ್ ಗುಂಡು ಹಾರಿಸಿದ.

ತನ್ನ ಮನೆಗೆ ತಾನು ಬರುವ ಮಗ ಕೆಮ್ಮುವುದುಂಟೇ? ಎಸಿನ್ಯೆನ್‌ನ ಕಂಕುಳಲ್ಲಿದ್ದ ಸೋರೆಬುರುಡೆ ಗುಂಡು ತಾಗಿ ಒಡೆದು ಒಂಟೆಯ ಹಾಲು ತೊಡೆಯ ಮೇಲೆ ಬೆಚ್ಚಗೆ ಇಳಿಯಿತು. ಕತ್ತಲಲ್ಲಿ ಅದನ್ನು ಮುಟ್ಟಿದ ಅರೂಪೆ ರಕ್ತವೆಂದು ಚೀರಿದಳು. ಎಸಿನ್ಯೆನ್ ಬೇಲಿ ದಾಟಿ ಬಗ್ಗಿದ. ಅಪ್ಪನ ಕಾಲ ಬಳಿ ಬಿದ್ದಿದ್ದ, ಇನ್ನೂ ಬಿಸಿಯಾಗಿದ್ದ ತೋಟೆಯನ್ನು ಎತ್ತಿಕೊಂಡ. ಮಾರನೆಯ ದಿನ ಅದು ಅವನ ಕೊರಳಲ್ಲಿತ್ತು. ಅಂದಿನಿಂದ ಹಾಡಹಗಲಲ್ಲೂ ಮರದಡಿ ನಿಂತು ಕೆಮ್ಮಿಯೇ ಬಂದ. ಅವನನ್ನು ನೋಡಿ ಹಟ್ಟಿಯ ಮಕ್ಕಳೂ ಕೆಮ್ಮಲು ಕಲಿತವು. ಆಮೇಲೆ ಒಂಟೆಗಳನ್ನು ಹೊಡೆದುಕೊಂಡು ದೂರ ಹೋದ, ಬರುವುದೇ ಅಪರೂಪವಾಯಿತು.

*

"ಬಾ ಇಲ್ಲಿ," ಎಂದಳು ಅರೂಪೆ. ಎಸಿನ್ಯೆನ್ ಗುಡಿಸಿಲೊಳಗೆ ಬಗ್ಗಿ ಬಂದ. ಹೆಣದ ಪಕ್ಕ ಒರಗಿಸಿದ್ದ ಬಂದೂಕನ್ನು ಅವನ ಕೈಗಿಟ್ಟಳು. "ಬಿಚ್ಚಿ ನೋಡು."

ಬಿಚ್ಚಿದ. ಒಳಗೆ ಒಂದು ಗುಂಡೂ ಇರಲಿಲ್ಲ.

ಅವಳು ದಿಂಬಿನಡಿಯಿಂದ ಆಡಿನ ಚರ್ಮದ ಹೊಗೆಸೊಪ್ಪಿನ ಚೀಲ ತೆಗೆದು ಅವನ ಮುಂದೆ ಬಿಚ್ಚಿದಳು. ಗುಂಡುಗಳೆಲ್ಲ ಅಲ್ಲಿದ್ದವು, ಹಸಿರು ಕಿಲುಬು ಹಿಡಿದು. "ನಿನ್ನ ಮೇಲೆ ಹಾರಿಸಿದ ರಾತ್ರೀನೇ ತೆಗೆದ. ಮತ್ತೆ ತುಂಬಲೇ ಇಲ್ಲ."

"ಮತ್ತೆ ಇಷ್ಟು ವರ್ಷ ಬೇಲಿ ಹತ್ರ..."

"ಖಾಲಿ ಬಂದೂಕು ಹಿಡ್ಕೊಂಡು ಕೂತ. ಅವನಿದಾನೆ ಅಂತ ಎಲ್ಲಾ ಗೊರಕೆ ಹೊಡೆದ್ರು. ಅವನು ಅಕುಜ್, ಅಕುಜ್ ಅಂತ ಚುಕ್ಕಿ ನೋಡ್ತಿದ್ದ."

"ವಾಪಸ್ ಕೊಡಬಹುದಿತ್ತಲ್ಲವ್ವ!"

"ಹೋಗಿದ್ದ. ಠಾಣೆ ಬಾಗಿಲ ತನಕ ಹೋಗಿ ತಿರುಗಿ ಬಂದ. ಒಂದು ಗುಂಡು ಕಮ್ಮಿ ಇದೆ. ಖಾಲಿ ತೋಟೆ ತೋರಿಸದಿದ್ರೆ ಕಳ್ಳರಿಗೆ ಮಾರಿಕೊಂಡ ಅಂತ ಒಳಗೆ ಹಾಕ್ತಾರೆ."

ಎಸಿನ್ಯೆನ್‌ನ ಕೈ ತಾನಾಗಿ ಕೊರಳಿಗೆ ಹೋಯಿತು. "ನನ್ನ ಹತ್ರ ಕೇಳಬಹುದಿತ್ತು."

"ನಾನೂ ಅದನ್ನೇ ಹೇಳಿದೆ. 'ಅವನ ಹತ್ರ ಅದನ್ನ ಕೇಳೋ ಬಾಯಿ ನನಗಿಲ್ಲ, ಅರೂಪೆ. ಅವನಾಗೇ ಕೊಟ್ಟ ದಿನ ಕೊಡ್ಲಿ' ಅಂದ."

ಗಾಳಿ ಗುಡಿಸಿಲ ಚಾಪೆಯನ್ನು ಪಟಪಟ ಬಡಿಯಿತು. ಅವಳು ಗಂಡನ ಮುಖದ ಮೇಲಿನ ಮರಳನ್ನು ಒರೆಸಿದಳು.

"ಕೆಮ್ಮಿದ್ರೆ ರಕ್ತ ಬರೋಕೆ ಶುರುವಾದ ಮೇಲೆ ಪಟ್ಟಣದ ಆಸ್ಪತ್ರೆಗೆ ಕರ್ಕೊಂಡು ಹೋದೆ. ಬಂದೂಕು ಠಾಣೇಲಿಟ್ಟು ಬಾ, ಹಾಸಿಗೆ ಕೊಡ್ತೀವಿ ಅಂದ್ರು. ಠಾಣೇಲಿಟ್ರೆ ಗುಂಡು ಎಣಿಸ್ತಾರಲ್ಲ. ಗೇಟಿನಾಚೆ ಬೇವಿನ ಮರದಡಿ ಸಂಜೆ ತನಕ ಕೂತು ಕೆಮ್ಮಿದ. ಕೆಮ್ಮು ಕೇಳಿ ಕರೆಯೋದು ಆಸ್ಪತ್ರೆಯವರ ನಡೆಯಲ್ಲ ನೋಡು. ಕೆಮ್ಮಿದ್ದಕ್ಕೆ ಯಾರೂ ಒಳಗೆ ಕರೀಲಿಲ್ಲ. 'ನಡಿ, ಕತ್ತಲಾಗ್ತಿದೆ, ಹಟ್ಟಿ ಕಾಯಬೇಕು' ಅಂದ."

*

ಮಣ್ಣು ಮುಚ್ಚಿ ಕಲ್ಲು ಪೇರಿಸುವ ಹೊತ್ತಿಗೆ ಜೀಪು ಬಂತು. ಹವಾಲ್ದಾರ ಮುತಿಸ್ಯ ಟೋಪಿ ತೆಗೆದು ಸಮಾಧಿಗೆ ತಲೆಬಾಗಿದ. ಹೊರನಾಡಿನವನಾದರೂ ಲೊಪೆಯೊಕ್‌ನ ಹಟ್ಟಿಯಲ್ಲಿ ಹಾಲು ಕುಡಿದವನು.

ಎಸಿನ್ಯೆನ್ ಬಂದೂಕು ಹಿಡಿದು ಗುಡಿಸಿಲಿಂದ ಹೊರಬಂದ. ಹೆಂಗಸರು ನೆಮ್ಮದಿಯ ಉಸಿರು ಬಿಟ್ಟರು.

"ಹಾಗೆ ಬಾ ದಾರಿಗೆ," ಎಂದ ಲೊಟುಕೋಯ್.

ಎಸಿನ್ಯೆನ್ ಬಂದೂಕನ್ನು ಜೀಪಿನ ಮೂತಿಯ ಮೇಲೆ ಇಟ್ಟ. ಹವಾಲ್ದಾರ ಶಾಯಿಯ ಡಬ್ಬಿ ತೆರೆದು ಹಿಡಿದ. ಎಸಿನ್ಯೆನ್ ಹೆಬ್ಬೆಟ್ಟು ಚಾಚಲಿಲ್ಲ.

"ಇದನ್ನ ತಗೊಂಡು ಹೋಗಿ ಸಾಹೇಬ್ರೆ."

"ಏಯ್!" ಮುದುಕ ಎದ್ದೇಬಿಟ್ಟ. "ರಾತ್ರಿ ಹಟ್ಟಿ ಕಾಯೋರು ಯಾರು?"

"ನಾನೇ ಕಾಯ್ತೀನಿ ಅಜ್ಜ. ಇನ್ನು ಎಲ್ಲೂ ಹೋಗಲ್ಲ. ಅಪ್ಪ ಹೇಗೆ ಕಾದನೋ ಹಾಗೇ ಕಾಯ್ತೀನಿ."

"ಬರಿಗೈಲಿ?"

ಎಸಿನ್ಯೆನ್ ಅವ್ವನ ಕಡೆ ನೋಡಿದ. ಅರೂಪೆ ಸಮಾಧಿಯ ಮೇಲೆ ಇನ್ನೊಂದು ಕಲ್ಲಿಟ್ಟಳು. ಅವನು ಗುಂಡುಗಳ ಚರ್ಮದ ಚೀಲವನ್ನು ಹವಾಲ್ದಾರನ ಕೈಗಿತ್ತ.

ಹವಾಲ್ದಾರ ಅವನ್ನು ಅಂಗೈಗೆ ಸುರಿದುಕೊಂಡು ಎಣಿಸಿದ. ಇನ್ನೊಮ್ಮೆ ಎಣಿಸಿದ. ತಗ್ಗಿದ ದನಿಯಲ್ಲಿ, "ಒಂದು ಕಮ್ಮಿ ಇದೆಯಲ್ಲಪ್ಪ," ಎಂದ. "ಯಾವಾಗ ಹಾರಿಸಿದ? ಯಾಕೆ?"

"ಮುಸ್ಸಂಜೇಲಿ. ಮರದಡಿ ಕೆಮ್ಮು ಕೇಳಿಸಲಿಲ್ಲ, ಅದಕ್ಕೆ."

ಎಸಿನ್ಯೆನ್ ಕೊರಳ ದಾರವನ್ನು ಹಲ್ಲಿನಿಂದ ಕಡಿದ. ಬಿರಡೆ ತೆಗೆದು ನಸ್ಯವನ್ನು ಹೊರಗೆ ತಟ್ಟಿದ. ಗಾಳಿ ಅದನ್ನು ಸಮಾಧಿಯ ಕಲ್ಲುಗಳ ಮೇಲಿಂದ ಒಯ್ದಿತು. ಉಜ್ಜಿ ಉಜ್ಜಿ ಹೊಳೆಯುತ್ತಿದ್ದ ತೋಟೆಯನ್ನು ಹವಾಲ್ದಾರನ ಅಂಗೈಯಲ್ಲಿ, ಕಿಲುಬು ಹಿಡಿದ ಗುಂಡುಗಳ ಪಕ್ಕದಲ್ಲಿ ಇಟ್ಟ. ಅವನ ಎದೆಯ ಮೇಲೆ ಅದು ತೂಗಿದ್ದ ಜಾಗ ಬೆರಳಗಲ ಸವೆದು ಬೆಳ್ಳಗಾಗಿತ್ತು.